ಈಜುಕೊಳದ ದಡದಲ್ಲಿ ಒಂದು ಉಚಿತ ಸೀಟು

ಮಲೆನಾಡಿನ ಖಾಸಗಿ ಶಾಲೆಗಳ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ ಸಂಸೆಯಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯರೇ,

2025ರ ಆರಂಭದಲ್ಲಿ ಕಾಫಿ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದ ಮೇಲೆ ಈ ಗುಡ್ಡಗಳಲ್ಲಿ ದಾನಧರ್ಮದ ವಿಷಯಕ್ಕೆ ಒಳ್ಳೆಯ ಕಾಲ ಬಂದಿದೆ. ಕೊಡುವವರಿಗಿಂತ ಕೇಳುವವರಿಗೆ ಅದು ಬೇಗ ಗೊತ್ತಾಗುತ್ತದೆ. ನಿಮ್ಮ ಬ್ರೋಷರ್ ಬಹಳ ಚೆಂದ. ಮುಖಪುಟದಲ್ಲಿ ತೋಟದ ಕೂಲಿಯವರ ಲೈನ್ ಮನೆಯ ಎದುರು ನಿಂತ ಬಡ ಮಗು, ಒಳಪುಟಗಳಲ್ಲಿ ಈಜುಕೊಳ, ಹಸಿರು ಟರ್ಫ್, ಸ್ಮಾರ್ಟ್ ಕ್ಲಾಸು, ಕೊನೆಯ ಪುಟದ ಕೆಳಗೆ ಸಣ್ಣಕ್ಷರದಲ್ಲಿ 'ಅರ್ಹ ಬಡ ಮಕ್ಕಳಿಗೆ ಫೀಸು ವಿನಾಯಿತಿ'. ನೀವು ಅಂದರೆ ಯಾರೋ ಒಬ್ಬರಲ್ಲ. ಕಳಸ, ಮೂಡಿಗೆರೆ, ಚಿಕ್ಕಮಗಳೂರಿನಿಂದ ಬೆಂಗಳೂರಿನವರೆಗೆ ಇಂಥ ಬ್ರೋಷರ್ ಅಚ್ಚು ಹಾಕಿಸುವ ಎಲ್ಲರೂ. ಹೆಸರು ಹಾಕಿದರೆ ಒಬ್ಬರಿಗೆ ಬೇಜಾರು. ಹಾಕದಿದ್ದರೆ ಪಕ್ಕದ ಶಾಲೆಗೆ ಬರೆದದ್ದು ಅಂದುಕೊಂಡು ಎಲ್ಲರೂ ನೆಮ್ಮದಿಯಾಗಿ ಓದುತ್ತೀರಿ.

ನನ್ನ ತಕರಾರು ಈಜುಕೊಳದ ಮೇಲಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕೆಳಗಿಳಿಯುವ ಊರಿನಲ್ಲಿ ನೀರಿಗೆ ಟೈಲ್ಸ್ ಹಾಕಿಸುವ ಆಸೆ ಯಾರಿಗಾದರೂ ಬರಬಹುದು. ತಕರಾರು ಇರುವುದು ಪುಟಗಳ ಕ್ರಮದ ಮೇಲೆ. ಮಗು ಹಣ ಎತ್ತುವಾಗ ಮೊದಲು, ಹಣ ಹಂಚುವಾಗ ಕೊನೆ. ಈಜುಕೊಳಕ್ಕೆ ನಕ್ಷೆ ಇದೆ, ಅಂದಾಜು ಪಟ್ಟಿ ಇದೆ, ಮುಗಿಸುವ ವರ್ಷವೂ ಇದೆ. ಫೀಸು ವಿನಾಯಿತಿಗೆ ಇರುವುದು ಒಂದು ಒಳ್ಳೆಯ ಮನಸ್ಸು ಮಾತ್ರ. ಒಂದು ಮಗು ಎಲ್‌ಕೆಜಿಗೆ ಸೇರಿದರೆ ಎಸ್ಸೆಸ್ಸೆಲ್ಸಿ ಮುಗಿಸಲು ಹನ್ನೆರಡು ವರ್ಷ ಬೇಕು. ದಾನಿಯ ಉತ್ಸಾಹದ ಆಯುಸ್ಸು ಒಂದು ಕೊಯ್ಲು. ಮುಂದಿನ ವರ್ಷ ಹಣ್ಣಿನ ಹೊತ್ತಿಗೆ ಮಳೆ ಹಿಡಿದು ಕಾಫಿ ಉದುರುತ್ತದೆ, ಅಡಿಕೆಗೆ ಹಳದಿ ಎಲೆ ರೋಗ ಸಾಲದೆಂದು ಎಲೆಚುಕ್ಕಿಯೂ ಬರುತ್ತದೆ, ಕೊಡುವ ಕೈ ಜೇಬಿನಲ್ಲೇ ಉಳಿಯುತ್ತದೆ. ಆಗ ನಾಲ್ಕನೇ ಕ್ಲಾಸಿನಲ್ಲಿರುವ ಆ ಮಗುವಿಗೆ ಮುಂದಿನ ಕೊಯ್ಲಿಗೆ ಬಾ ಎನ್ನುತ್ತೀರಾ?

ಲೆಕ್ಕ ಕಷ್ಟದ್ದೇನಲ್ಲ. ಫೀಸು ವರ್ಷಕ್ಕೆ 70,000 ರೂಪಾಯಿ ಎಂದು ಇಟ್ಟುಕೊಳ್ಳಿ. ಠೇವಣಿಗೆ ಶೇ 7 ಬಡ್ಡಿ ಸಿಕ್ಕರೆ 10 ಲಕ್ಷದ ಇಡುಗಂಟು ಒಂದು ಸೀಟನ್ನು ಸಾಕುತ್ತದೆ. ಫೀಸು ಏರುತ್ತಲೇ ಇರುವುದರಿಂದ ಬಡ್ಡಿಯಲ್ಲಿ ಒಂದು ಪಾಲು ಅಸಲಿಗೇ ಮರಳಬೇಕು, ಆದ್ದರಿಂದ 15 ಲಕ್ಷ ಎನ್ನಿ. ಹತ್ತು ಸೀಟಿಗೆ ಒಂದೂವರೆ ಕೋಟಿ. ಇದು ಬರಿಯ ಫೀಸು. ಅದರ ಮೇಲೆ ವ್ಯಾನಿನ ಬಾಡಿಗೆ, ಪುಸ್ತಕ, ಸ್ಕೂಲ್ ಡೇಗೆ ಬಾಡಿಗೆ ಡ್ರೆಸ್ಸು, ವಾರವಿಡೀ ಕಪ್ಪು ಶೂ, ಶನಿವಾರಕ್ಕೆ ಬಿಳಿ ಶೂ. ಜುಲೈ ತಿಂಗಳಲ್ಲಿ ಲೈನ್ ಮನೆಯ ಒಲೆಯ ಪಕ್ಕ ಇಟ್ಟರೂ ಆ ಬಿಳಿ ಶೂ ಒಣಗುವುದಿಲ್ಲ. ಒದ್ದೆ ಶೂ ಹಾಕಿದ ಮಗು ಅಸೆಂಬ್ಲಿಯಲ್ಲಿ ಹಿಂದೆ ನಿಲ್ಲುತ್ತದೆ, ಎರಡನೇ ಜೊತೆ ಇರುವ ಮಗು ಮುಂದೆ. ಫೀಸು ಮಾಫಿ ಮಾಡಿದ್ದೇವಲ್ಲ ಎಂದು ಆಫೀಸಿನಲ್ಲಿ ಹೇಳಿದರೆ ಈ ಖರ್ಚು ಮಾಫಿಯಾಗುವುದಿಲ್ಲ.

ಇನ್ನು ನೀವು ಆಡುವ 'ಔದಾರ್ಯ' ಎಂಬ ಮಾತು. ತೋಟದ ಕೂಲಿಯವರ ಮಕ್ಕಳ ಓದು ಯಾರದೋ ಔದಾರ್ಯ ಎಂದು ಈ ಸೀಮೆಯ ಕಾನೂನು ಎಂದೂ ಭಾವಿಸಿರಲಿಲ್ಲ. 1951ರ ತೋಟ ಕಾರ್ಮಿಕ ಕಾಯ್ದೆಯ 14ನೇ ಸೆಕ್ಷನ್ನು, ಒಂದು ತೋಟದಲ್ಲಿ ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಓದಿನ ವ್ಯವಸ್ಥೆಯನ್ನು ಮಾಲೀಕರೇ ಮಾಡಬೇಕೆಂದು ನಿಯಮ ತರುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಆಮೇಲೆ ಬಂತು 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ): ಖಾಸಗಿ ಶಾಲೆಯ ಪ್ರವೇಶ ತರಗತಿಯಲ್ಲಿ ಶೇ 25 ಸೀಟು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ. ಸರ್ಕಾರ ಮಗುವಿಗೆ ವರ್ಷಕ್ಕೆ ಕೊಡುತ್ತಿದ್ದ ಹೆಚ್ಚೆಂದರೆ 16,000 ರೂಪಾಯಿ ಸಾಲದು, ಅದೂ ಹೊತ್ತಿಗೆ ಬರುವುದಿಲ್ಲ ಎಂದು ನಿಮ್ಮವರು ಅತ್ತರು. ಆ ಅಳುವಿನಲ್ಲಿ ನಿಜವೂ ಇತ್ತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದಿತು. ಸೀಟುಗಳು ಮಂಜಿನಂತೆ ಕರಗಿದವು. ನಾಲ್ಕರಲ್ಲಿ ಒಂದು ಸೀಟನ್ನು ಹಕ್ಕಾಗಿ ಕೊಡುವುದು ಭಾರವಾಗಿದ್ದ ಶಾಲೆಗೇ ನೂರರಲ್ಲಿ ಎರಡು ಸೀಟನ್ನು ದಾನವಾಗಿ ಕೊಟ್ಟು ಮುಖಪುಟದಲ್ಲಿ ಹಾಕಿಸಿಕೊಳ್ಳುವುದು ಹಗುರವಾಗಿದೆ. ಹಕ್ಕಿನವನು ಕೈಮುಗಿಯುವುದಿಲ್ಲ, ದಾನ ಪಡೆದವನು ಮುಗಿಯುತ್ತಾನೆ. ವ್ಯತ್ಯಾಸ ಅಷ್ಟೇ ಇರಬಹುದು.

'ಮಗುವಿನ ಮುಖ ತೋರಿಸದೆ ದಾನಿಗಳ ಮನಸ್ಸು ಕರಗುವುದಿಲ್ಲ' ಎನ್ನುತ್ತೀರಿ. ಹೊರನಾಡು ನಮಗೆ ದೂರವಲ್ಲ. ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗದ ದಿನ ಹೋಗಿ ನೋಡಿ. ಅನ್ನಪೂರ್ಣೇಶ್ವರಿ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂತವರನ್ನು ಯಾರೂ ಆದಾಯ ಪ್ರಮಾಣ ಪತ್ರ ಕೇಳುವುದಿಲ್ಲ, ಯಾರ ಎಲೆಗೆ ಯಾರ ಕಾಣಿಕೆಯ ಅಕ್ಕಿ ಬಿತ್ತೆಂದು ಮೈಕಿನಲ್ಲಿ ಕೂಗುವುದಿಲ್ಲ. ಆದರೂ ಹುಂಡಿ ತುಂಬುತ್ತದೆ. ಗುರುತು ಹಚ್ಚುವುದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ: 2012ರಲ್ಲಿ ಬೆಂಗಳೂರಿನ ಒಂದು ಶಾಲೆಯಲ್ಲಿ ಆರ್‌ಟಿಇ ಮಕ್ಕಳು ಬೇರೆಯಾಗಿ ಕಾಣಲೆಂದು ತಲೆಗೂದಲು ಕತ್ತರಿಸಿದರು ಎಂಬ ಆರೋಪ ಊರೆಲ್ಲ ಸುದ್ದಿಯಾಗಿತ್ತು. ನೀವು ಕತ್ತರಿ ಹಿಡಿಯುವವರಲ್ಲ, ಒಪ್ಪುತ್ತೇನೆ. ಆದರೆ ಬ್ರೋಷರ್ ಮನೆಮನೆಗೆ ಹೋದ ಮೇಲೆ ಆ ಮಗು ಯಾವುದೆಂದು ಕ್ಲಾಸಿನಲ್ಲಿ ಯಾರಿಗೆ ಗೊತ್ತಿರುವುದಿಲ್ಲ?

ನಿಮ್ಮ ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಸೌಲಭ್ಯ ಇದ್ದರೆ ಫೀಸು ಕೊಡುವವರು ಬರುತ್ತಾರೆ, ಅವರ ಫೀಸಿನಿಂದ ಮೇಷ್ಟ್ರುಗಳ ಸಂಬಳ ನಡೆಯುತ್ತದೆ, ಉಳಿದದ್ದರಲ್ಲಿ ಬಡವರನ್ನು ಓದಿಸಬಹುದು ಎಂಬ ವಾದ. ಗುಡ್ಡದ ಮೇಲೆ ಶಾಲೆ ನಡೆಸುವ ಕಷ್ಟ ಸುಳ್ಳಲ್ಲ. ಒಳ್ಳೆಯ ಮೇಷ್ಟ್ರು ಇಲ್ಲಿ ಎರಡು ಮಳೆಗಾಲ ನಿಂತರೆ ಪುಣ್ಯ. ಆದರೆ 'ಉಳಿದದ್ದರಲ್ಲಿ' ಎಂದವರಿಗೆ ಯಾವತ್ತಾದರೂ ಉಳಿದಿದೆಯೇ? ಈಜುಕೊಳ ಕಟ್ಟಿದ ಮೇಲೆ ಅದಕ್ಕೆ ಕ್ಲೋರಿನ್ ಬೇಕು, ಕೋಚ್ ಬೇಕು, ಸುತ್ತ ಬೇಲಿ ಬೇಕು. ಅದೂ ವರ್ಷ ವರ್ಷ ಫೀಸು ಕೊಡದ ವಿದ್ಯಾರ್ಥಿಯೇ. ಹಿಂದಿನವರು ಈ ಕ್ರಮವನ್ನು ತಿರುಗಿಸಿ ನೋಡಿದ್ದರು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿ ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯೆಗೆಂದು ಉಯಿಲು ಬರೆದರು. ಭೂಮಿ ಹಾಗೇ ಉಳಿದು ಉತ್ಪತ್ತಿಯಿಂದ ಹುಡುಗರು ಓದುವ ಏರ್ಪಾಡು ಅದು. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳ ಊಟ, ವಸತಿ, ಪಾಠ ನಡೆದದ್ದು ಕಟ್ಟಡದ ಅಂದ ನೋಡಿ ಬಂದವರ ಫೀಸಿನಿಂದಲ್ಲ. 'ಅವು ಮಠ, ಸಂಸ್ಥಾನ. ನಾವು ಬರಿಯ ಟ್ರಸ್ಟು' ಎಂದರೆ, ಸರಿ. ಈಜುಕೊಳದ ವಿಷಯ ಬಂದಾಗ ಮಾತ್ರ ನೀವು ಸಂಸ್ಥಾನದವರಂತೆ ಕಾಣುತ್ತೀರಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ನಿಮ್ಮ ಉಚಿತ ಸೀಟಿಗೆ ಬರುವ ಮಗು ಎಲ್ಲಿಂದ ಬರುತ್ತದೆ? ಗುಡ್ಡದಾಚೆಯ ಸರ್ಕಾರಿ ಶಾಲೆಯಿಂದ. ಅಲ್ಲಿ ಹದಿನಾಲ್ಕು ಮಕ್ಕಳಿದ್ದರೆ ಪರೀಕ್ಷೆ ಇಟ್ಟು ಚುರುಕಾದ ಮೂವರನ್ನು ಆರಿಸಿಕೊಂಡು ಬರುತ್ತೀರಿ. ಉಳಿದ ಹನ್ನೊಂದರ ಶಾಲೆ ಎಷ್ಟು ದಿನ ತೆರೆದಿರುತ್ತದೆ? ಮೂವರಿಗೆ ಉಪಕಾರ ಮಾಡಿ ಹನ್ನೊಂದು ಮಕ್ಕಳನ್ನು ಮೈಲಿಗಟ್ಟಲೆ ನಡೆಸುವುದು ಯಾವ ಪುಟದಲ್ಲೂ ಅಚ್ಚಾಗಿಲ್ಲ. ಆ ಮೂವರೂ ಅಲ್ಲೇ ಇರಬೇಕೆಂದು ನಾನು ಹೇಳುತ್ತಿಲ್ಲ. ಅವರ ಅಪ್ಪ ಅಮ್ಮ ಇಂಗ್ಲಿಷ್ ಕೇಳಿದರೆ ತಪ್ಪೆನ್ನಲು ನಾನು ಯಾರು? ಆದರೆ ವಾರಕ್ಕೆರಡು ದಿನ ನಿಮ್ಮ ಇಂಗ್ಲಿಷ್ ಮೇಷ್ಟ್ರನ್ನೂ ಲ್ಯಾಬನ್ನೂ ಆ ಹದಿನಾಲ್ಕು ಮಕ್ಕಳಿಗೆ ಒದಗಿಸಲು ಬೇಕಾಗುವುದು ಒಂದು ಜೀಪು, ಅದಕ್ಕೆ ಡೀಸೆಲ್ಲು. ಚಾರಣದವರನ್ನು ಕುದುರೆಮುಖದ ಬುಡಕ್ಕೆ ಹತ್ತಿಸುವ ಜೀಪುಗಳಿಗೆ ನಮ್ಮಲ್ಲಿ ಬರವಿಲ್ಲ.

ಹಣ ಎತ್ತಲೇಬೇಕು. ಅದಕ್ಕೊಂದು ಸಲಹೆ: ಚಿನ್ನ, ಬೆಳ್ಳಿ, ಪ್ಲಾಟಿನಂ ದಾನಿಗಳೆಲ್ಲ ಪಟ್ಟಣದವರ ಶೋಕಿ. ನಾವು ಅರೇಬಿಕಾ ಪಾರ್ಚ್‌ಮೆಂಟ್ ದಾನಿ, ರೊಬಸ್ಟಾ ಚೆರಿ ದಾನಿ ಎಂದು ವಿಂಗಡಿಸೋಣ. ಐನೂರು ರೂಪಾಯಿ ಕೊಟ್ಟು ಮೊದಲ ಸಾಲಿನ ಕುರ್ಚಿ ಕೇಳುವವರು ಜೊಳ್ಳು ದಾನಿಗಳು. ತೆರಿಗೆ ವಿನಾಯಿತಿ ರಸೀದಿಯ ಆಮಿಷವನ್ನು ಮಾತ್ರ ಕೈಬಿಡಿ. ಹಸಿ ಬೆಳೆಯನ್ನು ಮಾರುವ ಬೆಳೆಗಾರನಿಗೆ ಆ ಕೃಷಿ ಆದಾಯದ ಮೇಲೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ, ವಿನಾಯಿತಿ ಯಾವುದರಿಂದ? ಅದರ ಬದಲು ಉಚಿತ ಸೀಟುಗಳಿಗೆ ಬೇರೆಯೇ ಖಾತೆ ತೆರೆಯಿರಿ, ಅಸಲು ಮುಟ್ಟುವಂತಿಲ್ಲ ಎಂದು ಟ್ರಸ್ಟ್ ಡೀಡಿನಲ್ಲಿ ಬರೆಯಿಸಿ, ಹತ್ತು ಸೀಟಿನ ಗಂಟು ತುಂಬುವವರೆಗೆ ಈಜುಕೊಳದ ಗುದ್ದಲಿ ಪೂಜೆ ಮುಂದೂಡಿ. ಮಕ್ಕಳ ಆಯ್ಕೆಯನ್ನು ದಾನಿಗಳೂ ಮಂಡಳಿಯವರ ಬಂಧುಗಳೂ ಇಲ್ಲದ ಸಮಿತಿಗೆ ಬಿಡಿ. ಉತ್ತರ ಬರೆಯುವುದಾದರೆ ಯಾವ ಮಗುವಿನ ಫೋಟೊವೂ ಬೇಡ, ಆಡಿಟ್ ಆದ ಲೆಕ್ಕದ ಒಂದು ಜೆರಾಕ್ಸ್ ಪ್ರತಿ ಸಾಕು.

ಇಂತಿ,
ಬ್ರೋಷರನ್ನು ಕೊನೆಯ ಪುಟದಿಂದ ಓದುವ ಸಂಸೆಯ ಒಬ್ಬ ನಾಗರಿಕ