ಎಂ ಅಂದ್ರೆ ಮೈಲೇಜು

ಮೂವತ್ತು ವರ್ಷ ಕ್ಲಚ್ಚು ತುಳಿದ ಎಡಗಾಲಿಗೆ ಒಂದೇ ದಿನ ನಿವೃತ್ತಿ ಕೊಟ್ಟರೆ ಅದು ಸುಮ್ಮನೆ ಕೂರುತ್ತದೆಯೇ? ನಿಮ್ಮ ಮನೆಯಲ್ಲಿ ರಿಟೈರಾದವರಿದ್ದರೆ ನಿಮಗೇ ಗೊತ್ತಿರುತ್ತದೆ, ಕೆಲಸವಿಲ್ಲದವರೇ ಎಲ್ಲದಕ್ಕೂ ಮೂಗು ತೂರಿಸುವುದು.

ಬೆಂಗಳೂರಿನ ಮಗ ನನ್ನ ಮಂಡಿನೋವಿಗೆ ಮರುಗಿ, ಸೆಕೆಂಡ್ ಹ್ಯಾಂಡ್ ಆದರೂ ದೊಡ್ಡದೊಂದು ಡೀಸೆಲ್ ಎಸ್‌ಯುವಿಯನ್ನು ಹೊನ್ನಾಳಿಗೆ ತಂದು ನಿಲ್ಲಿಸಿದ. ಆಟೋಮ್ಯಾಟಿಕ್. "ಅಪ್ಪಾ, ನೀವೇನೂ ಮಾಡೋದು ಬೇಡ, ಎಲ್ಲ ಅದೇ ಮಾಡ್ಕೊಳ್ಳುತ್ತೆ" ಎಂದು ಹೇಳಿ ರಾತ್ರಿ ಬಸ್ಸು ಹತ್ತಿದ. ಏನೂ ಮಾಡದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ಅವನಿಗೆ ಇನ್ನೂ ಗೊತ್ತಿಲ್ಲ. ಮದುವೆಯಾಗಿ ಎರಡೇ ವರ್ಷ.

ಮರುದಿನ ಬೆಳಿಗ್ಗೆಯೇ ಹೆಂಡತಿಯನ್ನು ಕೂರಿಸಿಕೊಂಡು ಹೊರಟೆ. ಬಸ್ ನಿಲ್ದಾಣದ ಹತ್ತಿರ ಹಂಪ್ ಕಂಡಿತು. ಎಡಗಾಲು ಮೂವತ್ತು ವರ್ಷದ ರೂಢಿಯಂತೆ ಕ್ಲಚ್ಚು ಹುಡುಕಿತು. ಸಿಗಲಿಲ್ಲ. ಆಟೋಮ್ಯಾಟಿಕ್ ಗಾಡಿಯ ಬ್ರೇಕು ಒಳ್ಳೆ ಮಣೆಯಷ್ಟು ಅಗಲ ಇರುತ್ತದೆ ನೋಡಿ, ಅದೇ ಸಿಕ್ಕಿತು. ಕ್ಲಚ್ಚು ತುಳಿಯುವಷ್ಟೇ ಜೋರಾಗಿ, ತಳ ಮುಟ್ಟುವವರೆಗೆ ತುಳಿದೆ. ಗಾಲಿಗೆ ಅಡ್ಡಮರ ಕೊಟ್ಟ ತೇರಿನಂತೆ ಗಾಡಿ ಗಕ್ಕನೆ ನಿಂತಿತು. ಹೆಂಡತಿಯ ಮಡಿಲಲ್ಲಿದ್ದ ಮೊಸರಿನ ಡಬ್ಬಿ ಮಾತ್ರ ನಿಲ್ಲಲಿಲ್ಲ. ಗಾಜಿನ ಮೇಲಿಂದ ಇಳಿಯುತ್ತಿದ್ದ ಮೊಸರನ್ನೇ ನೋಡುತ್ತಾ ಅವಳು, "ಅಭಿಷೇಕ ಆಯ್ತು. ಮಂಗಳಾರತಿ ಇಲ್ಲೇ ಮಾಡ್ಲೋ, ಮನೇಲೋ?" ಎಂದಳು.

ಅಂದಿನಿಂದ ಎಡಗಾಲನ್ನು ಸೀಟಿನ ಕೆಳಗೆ ಮಡಚಿ ಕೂರಿಸಿದೆ. ಎಡಗೈ ಪಾಪ, ಹಳೇ ಅಭ್ಯಾಸದಂತೆ ಗೇರ್ ರಾಡಿನ ಗುಂಡಿನ ಮೇಲೆ ಮಲಗಿರುತ್ತಿತ್ತು. ಅದರಿಂದ ಯಾರಿಗೂ ತೊಂದರೆಯಿರಲಿಲ್ಲವಾದ್ದರಿಂದ ಅದರ ತಂಟೆಗೆ ಹೋಗಲಿಲ್ಲ.

ನಿಜವಾದ ಕಾಯಿಲೆ ಕಾಣಿಸಿದ್ದು ಮೂರನೇ ದಿನ, ತುಂಗಭದ್ರಾ ಸೇತುವೆಯ ಮೇಲೆ. ವೇಗ ನಲವತ್ತು. ಆರ್‌ಪಿಎಂ ಮುಳ್ಳು ಮೂರೂವರೆ ಸಾವಿರ. ಎಂಜಿನ್ನು ಭತ್ತದ ಗದ್ದೆಯ ಕೆಸರಿನಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರಿನಂತೆ ಅರಚುತ್ತಿದೆ, ಗೇರು ಮಾತ್ರ ಮೇಲಕ್ಕೆ ಹೋಗುತ್ತಿಲ್ಲ. ಗಾಬರಿಯಲ್ಲಿ ಗುಂಡನ್ನು ಗಟ್ಟಿಯಾಗಿ ಹಿಡಿದೆ. ಗಾಡಿ ಒಮ್ಮೆ ಜಗ್ಗಿ, ಇನ್ನೂ ಜೋರಾಗಿ ಅರಚಿತು. ಎದುರಿನ ಪರದೆಯಲ್ಲಿ ಇಂಗ್ಲಿಷಿನ ಎಂ ಅಕ್ಷರ, ಪಕ್ಕದಲ್ಲಿ ಎರಡು. "ಅದೇನ್ರೀ ಎಂ?" ಎಂದಳು ಹೆಂಡತಿ. "ಎಂ ಅಂದ್ರೆ ಮೈಲೇಜು" ಎಂದೆ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ.

ಆ ರಾತ್ರಿಯಿಂದ ಮೊಬೈಲಿನಲ್ಲಿ ನನ್ನ ಗೇರ್ ಬಾಕ್ಸ್ ವ್ಯಾಸಂಗ ಶುರುವಾಯಿತು. ರೋಗದ ಹೆಸರು ಹುಡುಕಲು ಹೋದರೆ ಇಲ್ಲದ ರೋಗಗಳೆಲ್ಲ ನಮಗೇ ಇವೆ ಅನ್ನಿಸುತ್ತದಲ್ಲ, ಹಾಗೆ. ಗೇರನ್ನು ತಾನೇ ಬದಲಿಸುವ ಪೆಟ್ಟಿಗೆ ಮೊದಲ ಬಾರಿಗೆ ಲೆಕ್ಕಕ್ಕೆ ಸಿಗುವಷ್ಟು ಸಂಖ್ಯೆಯಲ್ಲಿ ಬಂದದ್ದು ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರಿನ 1940ರ ಮಾಡೆಲ್ಲಿನಲ್ಲಿ, ಹೈಡ್ರಾಮ್ಯಾಟಿಕ್ ಎಂಬ ಹೆಸರಿನಿಂದ. ಎರಡನೇ ಮಹಾಯುದ್ಧದಲ್ಲಿ ಅದನ್ನೇ ಹಗುರ ಟ್ಯಾಂಕುಗಳಿಗೂ ಕೂರಿಸಿದರಂತೆ. ಗುಂಡಿನ ಸುರಿಮಳೆಯಲ್ಲೂ ಬದಲಾದ ಗೇರು ಹೊನ್ನಾಳಿ ಸೇತುವೆಯ ಮೇಲೆ ಬದಲಾಗಲಿಲ್ಲವೆಂದರೆ ಕಾಯಿಲೆ ಸಣ್ಣದಿರಲಾರದು. ಅಷ್ಟೇಕೆ, 1997ರಲ್ಲಿ ನಮ್ಮ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗ ಬಿಟ್ಟು, ಜಗಳೂರು ಚಿತ್ರದುರ್ಗ ಬಿಟ್ಟು ದಾವಣಗೆರೆ ಜಿಲ್ಲೆಗೆ ಬಂದವು. ಆಮೇಲೆ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ತಾಲ್ಲೂಕುಗಳೇ ಬದಲಾದವು, ನನ್ನ ಎರಡು ಮೂರಾಗಲಿಲ್ಲ.

ನಾಲ್ಕು ರಾತ್ರಿ ನಿದ್ದೆಗೆಟ್ಟು ಕಲಿತದ್ದನ್ನು ಐದನೇ ಬೆಳಿಗ್ಗೆ ಹೋಟೆಲಿನ ಬೆಂಚಿನ ಮೇಲೆ ಬೋಧಿಸಿದೆ. "ಟಾರ್ಕ್ ಕನ್ವರ್ಟರ್ ಅಂತಿರುತ್ತೆ. ಎಣ್ಣೆ ತುಂಬಿದ ಡಬ್ಬಿಯೊಳಗೆ ಎದುರುಬದುರು ಎರಡು ಚಕ್ರ. ಎಂಜಿನ್ನು ಒಂದನ್ನ ತಿರುಗಿಸಿದ್ರೆ, ಎಣ್ಣೆ ರಭಸಕ್ಕೆ ಇನ್ನೊಂದು ತಾನೇ ತಿರುಗುತ್ತೆ. ಅದಕ್ಕೇ ಕ್ಲಚ್ಚು ಬೇಡ. ಅದರಾಚೆ ವಾಲ್ವ್ ಬಾಡಿ. ಅದನ್ನ ಸೂಳೆಕೆರೆ ಅಂದ್ಕೊಳ್ರಿ. ತೂಬು, ಕಾಲುವೆ, ಮರಿಗಾಲುವೆ. ಎಣ್ಣೆ ಯಾವ ಕಾಲುವೆಗೆ ಹರಿಯುತ್ತೋ ಆ ಗೇರು ಬೀಳುತ್ತೆ. ತೂಬು ಎತ್ತಿ ಇಳಿಸೋ ನೀರುಗಂಟಿಗಳೇ ಸೊಲೆನಾಯ್ಡು. ಅವರಿಗೆ ಅಪ್ಪಣೆ ಕೊಡೋ ಇಂಜಿನಿಯರು ಕಂಪ್ಯೂಟರು. ನನ್ನ ಗಾಡೀಲಿ ಮೂರನೇ ನೀರುಗಂಟಿ ಮಲಗಿದಾನೆ." ಈ ಉಪಮೆ ಈಗಲೂ ತಪ್ಪಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ವಾರದೊಳಗೆ ನಾನು ಹೋಟೆಲಿಗೆ ಕಾಲಿಟ್ಟರೆ ಬೆಂಚು ತಾನಾಗಿ ಖಾಲಿಯಾಗತೊಡಗಿತು. ಆಟೋಮ್ಯಾಟಿಕ್ ಆಗಿ.

ಭಾನುವಾರ ನ್ಯಾಮತಿಯ ಷಡ್ಡಕರ ಮನೆಗೆ ಹೋದೆವು. ಆರ್ಭಟ ಕೇಳಿ ಅವರು ಜಲ್ಲಿ ಲಾರಿ ಬಂತೆಂದು ಗೇಟಿನಾಚೆ ನಿಂತಿದ್ದರು. ವಿಷಯ ಹೇಳಿದೆ. ಅವರು ಕೀ ಇಸಕೊಂಡು ಒಂದು ಸುತ್ತು ಓಡಿಸಿ ತಂದರು. ಗಾಡಿ ಹೋದದ್ದೂ ಗೊತ್ತಾಗಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ. "ಬೆಣ್ಣೆ ಹಂಗೈತಲ್ಲ ಅಣ್ಣಾ" ಎಂದರು. ಡಾಕ್ಟರ ಮುಂದೆ ಕೂತ ಕೂಡಲೇ ಹೊಟ್ಟೆನೋವು ಮಾಯವಾದಾಗ ನಿಮಗಾಗುವ ಅವಮಾನವೇ ನನಗೂ ಆಯಿತು. ಸಾಕ್ಷಿ ಒದಗಿಸಲೇಬೇಕಿತ್ತು. ಬಾನೆಟ್ ಎತ್ತಿದೆ. ಆರೋಗ್ಯವಾಗಿರುವ ಗೇರ್ ಆಯಿಲು ಕೆಂಪಗೆ, ತೆಳು ಚೊಗರಿನಂತೆ ಇರಬೇಕು. ಕಪ್ಪಾಗಿ ಸೀದ ವಾಸನೆ ಬಂದರೆ ಒಳಗಿನ ಕ್ಲಚ್ ಬಿಲ್ಲೆಗಳು ಸುಟ್ಟಿವೆ ಎಂದರ್ಥ. ಅಳತೆ ಕಡ್ಡಿ ಎಳೆದೆ. ಕಾಡಿಗೆ! ಮೂಗಿನ ಹತ್ತಿರ ತಂದು ಮೂಸಿದೆ. ಸಾಲದೆಂದು ಇನ್ನೊಮ್ಮೆ ಆಳವಾಗಿ ಮೂಸಿದೆ. "ಮುಗೀತು, ಸುಟ್ಟು ಕರಕಲಾಗಿದೆ" ಎಂದು ಅಂಗಳದಲ್ಲೇ ಸಾವಿನ ಸುದ್ದಿ ಘೋಷಿಸಿದೆ. ಷಡ್ಡಕರು ಮೃದುವಾಗಿ, "ಅಣ್ಣಾ, ಅದು ಎಂಜಿನ್ ಆಯಿಲ್ ಕಡ್ಡಿ. ಡೀಸೆಲ್ ಎಂಜಿನ್ನಿಗೆ ಹಾಕಿ ನಾಲ್ಕು ದಿನಕ್ಕೇ ಕಪ್ಪಾಗುತ್ತೆ" ಎಂದರು. ಗೇರ್ ಬಾಕ್ಸಿಗೆ ಕಡ್ಡಿಯೇ ಇರಲಿಲ್ಲ. ಈಗಿನ ಎಷ್ಟೋ ಗಾಡಿಗಳಿಗೆ ಇರುವುದಿಲ್ಲವಂತೆ. ಬಹುಶಃ ನನ್ನಂಥವರನ್ನು ನೋಡಿಯೇ ತೆಗೆದಿರಬೇಕು. ಊಟಕ್ಕೆ ಕೂತಾಗ ಮಕ್ಕಳೆಲ್ಲ ನನ್ನನ್ನೇ ನೋಡಿ ಕಿಸಕ್ಕನೆ ನಗುತ್ತಿದ್ದವು. ಮೂಗಿನ ತುದಿಯ ಕರಿಬೊಟ್ಟಿನ ವಿಷಯ ಗೊತ್ತಾದದ್ದು ಹೊನ್ನಾಳಿಗೆ ಬಂದು ಕನ್ನಡಿ ನೋಡಿದ ಮೇಲೆ. ಎದುರಲ್ಲೇ ಕೂತು ಬಡಿಸಿಕೊಂಡು ಉಂಡ ಹೆಂಡತಿಯನ್ನು ಕೇಳಿದರೆ, "ದೃಷ್ಟಿಬೊಟ್ಟು ಅಂದ್ಕೊಂಡೆ" ಎಂದಳು.

ಇಷ್ಟಕ್ಕೆ ಬಿಡುವ ಜಾತಿ ನನ್ನದಲ್ಲ. ಬ್ಯಾಟರಿ ವೈರು ಕಳಚಿ ಹತ್ತು ನಿಮಿಷ ಬಿಟ್ಟರೆ ಕಂಪ್ಯೂಟರಿನ ತಲೆ ತಿಳಿಯಾಗುತ್ತದೆ ಎಂದು ಎಲ್ಲೋ ಓದಿದ್ದೆ. ಕಳಚಿದೆ. ತಿಳಿಯಾಗುವ ಬದಲು ಮರೆವು ಬಂತು. ಕೆಲವು ಗಾಡಿಗಳ ಗೇರ್ ಬಾಕ್ಸು ಓಡಿಸುವವನ ರೀತಿ ನೋಡಿ ನೋಡಿ ಹದ ಕಲಿತಿರುತ್ತದೆ. ವೈರು ಕಿತ್ತರೆ ಮತ್ತೆ ಒಂದನೇ ಕ್ಲಾಸಿನಿಂದ ಕಲಿಯಬೇಕು. ಈಗ ಗಾಡಿ ಅರಚುವುದರ ಜೊತೆಗೆ ಕುಕ್ಕತೊಡಗಿತು. ಗಡಿಯಾರವೂ ಹನ್ನೆರಡಕ್ಕೆ ಹೋಗಿ ಕೂತಿತು, ರೇಡಿಯೊ ಆಡುವ ಭಾಷೆ ಯಾವುದೆಂದೇ ತಿಳಿಯದಾಯಿತು.

ಚನ್ನಗಿರಿಗೆ ಅಡಿಕೆ ಲೆಕ್ಕ ನೋಡಲು ಹೋದ ದಿನ ಅಲ್ಲಿನ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರೂ ಓಡಿಸಿದರು, ಅವರಿಗೂ ಬೆಣ್ಣೆ. "ಏನೂ ಇಲ್ಲ ಸಾರ್" ಎಂದು ಕೈ ಒರೆಸಿಕೊಂಡರು. ನಿರಾಶನಾಗಿ ಮಂಡಿಯ ಹತ್ತಿರ ನಿಲ್ಲಿಸಿದ್ದ ಗಾಡಿಯ ಬಳಿ ಬಂದೆ. ನೋಡುತ್ತೇನೆ, ಗಾಡಿಯ ಕೆಳಗೆ, ಸರಿಯಾಗಿ ಗೇರ್ ಬಾಕ್ಸಿನ ನೇರಕ್ಕೆ, ಕೆಂಪು ಹನಿ! ಒಂದಲ್ಲ, ನಾಲ್ಕಾರು. ಇಷ್ಟು ದಿನದಲ್ಲಿ ಅಂಥ ಸಂತೋಷ ನನಗಾಗಿರಲಿಲ್ಲ. ಸೋರಿಕೆ! ಬಿಳಿ ಅಂಗಿಯಲ್ಲೇ ಬೆನ್ನಡಿಯಾಗಿ ಮಲಗಿ ಗಾಡಿಯ ಕೆಳಗೆ ತೂರಿದೆ. ಬೆರಳಿಂದ ಅದ್ದಿ ತೆಗೆದೆ. ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ಜಿಡ್ಡು ನೋಡಿದೆ. ನ್ಯಾಮತಿಯ ಪಾಠ ಮರೆತು ಮತ್ತೆ ಮೂಸಿದೆ. ಸುಟ್ಟ ವಾಸನೆಯಿಲ್ಲ, ಏನೋ ಪರಿಮಳವಿತ್ತು. ಕರವಸ್ತ್ರದ ಮೇಲೆ ಒತ್ತಿ ಫೋಟೊ ತೆಗೆದು ಮಗನಿಗೆ ಕಳಿಸಿದೆ: "ಆಯಿಲ್ ಲೀಕ್. ನಾನು ಮೊದಲೇ ಹೇಳಿದ್ದೆ." ಅಷ್ಟರಲ್ಲಿ ಎರಡು ಕಾಲುಗಳು ಬಂದು ನಿಂತವು. ಹಮಾಲರೊಬ್ಬರು ಬಗ್ಗಿ, ತೀರಾ ಸಂಕೋಚದಿಂದ, "ತಪ್ಪು ತಿಳ್ಕಾಬ್ಯಾಡ್ರಿ ಯಜಮಾನ್ರೆ, ಗಾಡಿ ನಿಲ್ಸೋಕ್ ಮುಂಚೆ ನಾನೇ ಅಲ್ಲಿ ಎಲೆ ಅಡಿಕೆ ಉಗುಳಿದ್ದೆ" ಎಂದರು.

ಅಡಿಕೆಯ ಊರಿನಲ್ಲಿ ಕೆಂಪು ಹನಿ ಕಂಡು ಗೇರ್ ಆಯಿಲ್ ಅಂದುಕೊಂಡವನು ಚನ್ನಗಿರಿಯ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ಅಷ್ಟು ಹೊತ್ತಿಗೆ ಮಗ ಆ ಫೋಟೊವನ್ನು ಬೆಂಗಳೂರಿನ ಮೂವರು ತಜ್ಞರಿಗೆ ಕಳಿಸಿಯಾಗಿತ್ತು. ಒಬ್ಬರು ಸೀಲ್ ಬದಲಿಸಲು ಹೇಳಿದ್ದರು.

ಇನ್ನು ಉಳಿದದ್ದು ಜಗಳೂರು. ಹೆಂಡತಿಯ ತವರಿನ ಕಡೆಯ ಮದುವೆ. ದಾವಣಗೆರೆ ದಾಟಿದ ಮೇಲೆ ಬಯಲು. ಗುಡ್ಡ ಮರಗಳ ಅಡ್ಡಿಯಿಲ್ಲದ್ದರಿಂದ ನನ್ನ ಗಾಡಿಯ ಸದ್ದು ನನಗಿಂತ ಅರ್ಧ ಗಂಟೆ ಮೊದಲೇ ಜಗಳೂರು ಸೇರಿರಬೇಕು. ರಂಗಯ್ಯನದುರ್ಗದ ಕಾಡಿನಲ್ಲಿ ಕೊಂಡುಕುರಿಗಳಿವೆ. ನಾಲ್ಕು ಕೊಂಬಿನ, ಭಾರೀ ಅಂಜುಬುರುಕ ಪ್ರಾಣಿ. ಅವು ಆ ದಿನ ಜಿಲ್ಲೆಯ ಗಡಿ ದಾಟಿದ್ದರೆ ಅದಕ್ಕೆ ನಾನೇ ಹೊಣೆ.

ಛತ್ರದ ಅಂಗಳದಲ್ಲಿ ಕೊನೆಯ ಅಸ್ತ್ರ ತೆಗೆದೆ. ಆನ್‌ಲೈನಿನಲ್ಲಿ ತರಿಸಿದ್ದ ಸ್ಕ್ಯಾನರು, ಬೆಂಕಿಪೊಟ್ಟಣದಷ್ಟು. ಸ್ಟೇರಿಂಗ್ ಕೆಳಗೆ ಸಿಕ್ಕಿಸಿದರೆ ಗಾಡಿ ತನ್ನ ತಪ್ಪುಗಳನ್ನು ಮೊಬೈಲಿಗೆ ಒಪ್ಪಿಸುತ್ತದೆ. ಗೇರ್ ಬಾಕ್ಸಿನ ದೂರಿದ್ದರೆ ಪಿ 0700 ಎಂದು ಬರಬೇಕು. ಸಾಕೆಟ್ಟು ಹುಡುಕಲು ತಲೆ ಪೆಡಲುಗಳ ಕಡೆ, ಕಾಲು ಸೀಟಿನ ಕಡೆ ಮಾಡಿ ತೂರಿಕೊಂಡೆ. ಹೊಸ ರೇಷ್ಮೆ ಪಂಚೆ ಭೂಮಿಯ ಸೆಳೆತಕ್ಕೆ ವಿಧೇಯವಾಗಿ ಸೊಂಟದ ಕಡೆ ಇಳಿಯಿತು. ಮೊಣಕೈ ಹಾರ್ನಿಗೆ ಸಿಕ್ಕಿತು. ಬೀಗರ ಕಡೆಯವರಿಗೆ ನನ್ನ ಮೊದಲ ಪರಿಚಯವಾದದ್ದು ಹೀಗೆ, ತಲೆಕೆಳಗಾಗಿ, ವಾದ್ಯಸಮೇತ. ನಾಲ್ಕು ಜನ ಸೇರಿ ಎಳೆದ ಮೇಲೆ ಮೊಬೈಲು ನೋಡಿದರೆ: ಯಾವ ತಪ್ಪೂ ದಾಖಲಾಗಿಲ್ಲ. ಸ್ಕ್ಯಾನರು ಕೆಟ್ಟಿದೆ ಎಂದು ತೀರ್ಮಾನಿಸಿದೆ.

ಮುಹೂರ್ತಕ್ಕೆ ಮುಕ್ಕಾಲು ಗಂಟೆ ಇರುವಾಗ, ದೇವಸ್ಥಾನಕ್ಕೆ ಹೋಗಿದ್ದ ಮದುಮಗನ ಕಾರು ಪಂಕ್ಚರಾದ ಸುದ್ದಿ ಬಂತು. ಎಲ್ಲರ ಕಣ್ಣೂ ನನ್ನ ಗಾಡಿಯ ಮೇಲೆ. "ಮಾವಾ, ನಿಮ್ದೇ ದೊಡ್ದೈತಿ, ಕರ್ಕಂಬಂದ್ಬಿಡ್ರಿ." ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೋದೆ. ಬಾಸಿಂಗ ಕಟ್ಟಿದ ಮದುಮಗ, ಕಳಶ ಹಿಡಿದವರು, ಅಕ್ಷತೆ ತಟ್ಟೆ ಹಿಡಿದ ಅಜ್ಜಿ, ಎಲ್ಲ ಹತ್ತಿದರು. ಅವಸರಕ್ಕೆ ಆಕ್ಸಿಲರೇಟರ್ ಒತ್ತಿದೆ, ಭಯಕ್ಕೆ ಗೇರಿನ ಗುಂಡು ಒತ್ತಿದೆ. ಒಂದು ಕುಕ್ಕು. ಬಾಸಿಂಗ ಮದುಮಗನ ಗದ್ದಕ್ಕೆ ಇಳಿಯಿತು. ಇನ್ನೊಂದು ಕುಕ್ಕು. ಅಜ್ಜಿಯ ಅಕ್ಷತೆ ಮುಹೂರ್ತಕ್ಕೆ ಮೊದಲೇ ನನ್ನ ತಲೆಯ ಮೇಲೆ ಬಿತ್ತು. ಶಾಸ್ತ್ರದ ಪ್ರಕಾರ ಆ ದಿನ ಜಗಳೂರಿನಲ್ಲಿ ಮೊದಲು ಮದುವೆಯಾದವನು ನಾನೇ. ಕಳಶದ ನೀರು ಎಲ್ಲರಿಗೂ ಹಂಚಿಕೆಯಾಯಿತು. ಗಾಡಿ ನಿಲ್ಲಿಸಿ, "ಇದು ಲಿಂಪ್ ಮೋಡ್. ಗೇರ್ ಬಾಕ್ಸು ತನ್ನ ಪ್ರಾಣ ಉಳಿಸಿಕೊಳ್ಳೋಕೆ ಒಂದೇ ಗೇರಲ್ಲಿ ಕುಂಟುತ್ತೆ, ಯಾರೂ ಹೆದರಬೇಡಿ" ಎಂದು ಹಿಂದೆ ತಿರುಗಿ ವಿವರಿಸಿದೆ. ಸೀಟು ಖಾಲಿಯಾಗಿತ್ತು. ಮದುಮಗ ಹಿಂದೆ ಬಂದ ಅಡುಗೆಯವರ ಲಗೇಜ್ ಆಟೋದಲ್ಲಿ, ಕುಂಬಳಕಾಯಿಗಳ ನಡುವೆ ನಿಂತು, ಬಾಸಿಂಗ ಹಿಡಿದುಕೊಂಡು ಛತ್ರದ ಕಡೆ ಹೋಗುತ್ತಿದ್ದ. ಮುಹೂರ್ತ ತಪ್ಪಲಿಲ್ಲ. ಅಷ್ಟು ಪುಣ್ಯ.

ಊಟವಾದ ಮೇಲೆ ಯಾರೋ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರನ್ನು ಕರೆತಂದರು. ನಾನು ಕೀ ಚಾಚಿದರೆ ಅವರು ತೆಗೆದುಕೊಳ್ಳಲಿಲ್ಲ. "ನೀವೇ ಓಡ್ಸ್ರಿ ಸಾರ್, ನಾನು ಪಕ್ಕಕ್ಕೆ ಕುಂತು ಕೇಳ್ತೀನಿ" ಎಂದರು. ಇಷ್ಟು ದಿನದಲ್ಲಿ ಯಾರೂ ನನ್ನನ್ನು ಓಡಿಸಲು ಹೇಳಿರಲಿಲ್ಲ. ಹೊರಟೆ. ಅರಚಾಟ ಶುರುವಾಯಿತು. ಅವರು ಎಂಜಿನ್ನಿನ ಕಡೆ ನೋಡಲೇ ಇಲ್ಲ, ನನ್ನ ಎಡಗೈಯನ್ನೇ ನೋಡುತ್ತಿದ್ದರು. ಆಮೇಲೆ ಅದನ್ನು ಗುಂಡಿನ ಮೇಲಿಂದ ಮೆಲ್ಲಗೆ ಎತ್ತಿ, ನಿದ್ದೆ ಹತ್ತಿದ ಮಗುವನ್ನು ಮಲಗಿಸುವಂತೆ ನನ್ನ ತೊಡೆಯ ಮೇಲೆ ಇಟ್ಟರು. ಪಕ್ಕಕ್ಕೆ ವಾಲಿದ್ದ ಗೇರ್ ರಾಡನ್ನು ಒಂದು ಬೆರಳಲ್ಲಿ ಈಚೆ ತಳ್ಳಿದರು. ಪರದೆಯ ಎಂ ಹೋಗಿ ಡಿ ಬಂತು. ಮುಳ್ಳು ಸರ್ರನೆ ಇಳಿಯಿತು. ಗಾಡಿಯೊಳಗೆ ಎಷ್ಟು ನಿಶ್ಶಬ್ದವೆಂದರೆ ಹಿಂದಿನ ಸೀಟಿನಲ್ಲಿ ಹೆಂಡತಿ ನಗು ತಡೆಯುತ್ತಿದ್ದುದು ಕೇಳಿಸಿತು.

"ಎಂ ಅಂದ್ರೆ ಮ್ಯಾನುಯಲ್ ಸಾರ್. ಕೈ ಭಾರಕ್ಕೆ ರಾಡು ಆ ಕಡೆ ವಾಲುತ್ತೆ. ಆಮೇಲೆ ಗೇರು ನೀವೇ ಹಾಕ್ಬೇಕು, ಅದು ಹಾಕಲ್ಲ. ಗಾಬರಿಗೆ ಹಿಂದೆಮುಂದೆ ಎಳೆದ್ರೆ ಇಳಿಯುತ್ತೆ, ಕುಕ್ಕುತ್ತೆ."

ಎಷ್ಟಾಯಿತು ಎಂದು ಕೇಳಿದೆ. "ಗೇರ್ ಬಾಕ್ಸ್ ರಿಪೇರಿ ಆಗಿದ್ರೆ ಹೇಳ್ಬೋದಿತ್ತು ಸಾರ್, ಕೈ ರಿಪೇರಿಗೆ ನಮ್ಮಲ್ಲಿ ರೇಟಿಲ್ಲ" ಎಂದು ಇಳಿದು ಹೋದರು.

ಹೊರಟ ಐದನೇ ನಿಮಿಷಕ್ಕೆ ಕೈ ಮತ್ತೆ ತವರಿಗೆ ಹೋಗಿತ್ತು. ಗಾಡಿ ಅರಚಿತು. ಹೆಂಡತಿ ಮಾತಾಡದೆ ತಾಂಬೂಲದ ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ನನ್ನ ತೊಡೆಯ ಮೇಲಿಟ್ಟು, ಅದರ ಮೇಲೆ ಎಡಗೈ ಹಿಡಿದು ಕೂರಿಸಿದಳು. ಗುಂಡಿನಷ್ಟೇ ನುಣುಪಿಲ್ಲ, ಆದರೆ ಹಿಡಿತಕ್ಕೆ ಚೆನ್ನಾಗಿತ್ತು. ಹೊನ್ನಾಳಿವರೆಗೂ ಗಾಡಿ ಉಸಿರೆತ್ತಲಿಲ್ಲ.

ಆ ಕಾಯಿ ಈಗಲೂ ಗಾಡಿಯಲ್ಲೇ ಇದೆ. ಮೊನ್ನೆ ಮನೆಯಲ್ಲಿ ಕಾಯಿ ಮುಗಿದು, ದೋಸೆಗೆ ಚಟ್ನಿ ಇಲ್ಲ ಎಂದಾಗ ಅದನ್ನಾದರೂ ಒಡೆಯಬಾರದೇ ಎಂದು ಕೇಳಿದೆ.

"ಅದನ್ನ ಮುಟ್ಟಬೇಡ್ರಿ" ಎಂದಳು ಹೆಂಡತಿ. "ಅದು ಗೇರ್ ಬಾಕ್ಸಿನ ಸಾಮಾನು."