ನಾಯಿ ಹೊತ್ತ ಪುಷ್ಪಕ

ಸ್ವಂತ ವಿಮಾನ ಇಟ್ಟುಕೊಂಡವನ ದೊಡ್ಡ ಕಷ್ಟವೆಂದರೆ ಹೋಗುವುದಕ್ಕೆ ಊರಿಲ್ಲದಿರುವುದು. ಅಮೆರಿಕದಲ್ಲಿ ಯಾರು ಬೇಕಾದರೂ ಇಳಿಯಬಹುದಾದ ವಿಮಾನ ನಿಲ್ದಾಣಗಳು ಸುಮಾರು 5,000 ಇವೆ. ಟಿಕೆಟ್ ಕೊಂಡು ಹತ್ತುವ ದೊಡ್ಡ ವಿಮಾನಗಳು ಬಂದುಹೋಗುವುದು ಅವುಗಳಲ್ಲಿ ಹತ್ತಕ್ಕೊಂದರಲ್ಲಿ. ಮಿಕ್ಕವುಗಳಲ್ಲಿ ಹೆಚ್ಚಿನವು ಹೊಲದ ಮಗ್ಗುಲಿನ ಒಂದು ಡಾಂಬರು ಪಟ್ಟಿ, ಕಂಬಕ್ಕೆ ಕಟ್ಟಿದ ಒಂದು ಗಾಳಿಚೀಲ, ಒಳಗೊಂದು ಕಾಫಿ ಯಂತ್ರ, ಅಷ್ಟೆ. ನಮ್ಮ ಕಥಾನಾಯಕ ಸಿಗುವುದು ಆ ಕಾಫಿ ಯಂತ್ರದ ಬಳಿ.

ವಯಸ್ಸು ಐವತ್ತೆಂಟರ ಆಸುಪಾಸು. ಹಲ್ಲಿನ ಡಾಕ್ಟರನೋ ಇಂಜಿನಿಯರನೋ ಆಗಿ ಸಾಕಷ್ಟು ದುಡಿದಿದ್ದಾನೆ. ಮಕ್ಕಳು ಕಾಲೇಜಿಗೆಂದು ಹೋದವರು ಅಲ್ಲೇ ಉಳಿದಿದ್ದಾರೆ. ಹೆಂಡತಿ ಅವನ ನಾಲ್ಕು ಸೀಟಿನ ಸೆಸ್ನಾದಲ್ಲಿ ಒಮ್ಮೆ ಕೂತು, ಬೇಸಿಗೆಯ ಮಧ್ಯಾಹ್ನದ ಗಾಳಿಯಲ್ಲಿ ಅರ್ಧ ಗಂಟೆ ಕುಲುಕಾಡಿ ಇಳಿದವಳು, ಮತ್ತೆ ಆ ಕಡೆ ತಲೆ ಹಾಕಿಲ್ಲ. ಪೈಲಟ್ ಲೈಸೆನ್ಸಿಗೆ ಕಾನೂನು ಕೇಳುವುದು ಕನಿಷ್ಠ 40 ಗಂಟೆಗಳ ಹಾರಾಟ. ಸಾಮಾನ್ಯರಿಗೆ ಹಿಡಿಯುವುದು ಅರವತ್ತು ಎಪ್ಪತ್ತು ಗಂಟೆ. ಖರ್ಚಾಗುವುದು ಒಂದು ಒಳ್ಳೆಯ ಕಾರಿನ ಬೆಲೆ. ಇಷ್ಟೆಲ್ಲ ಆಗಿ ಲೈಸೆನ್ಸು ಕೈಗೆ ಬಂದ ಮೇಲೆ ‘ಇನ್ನು ಎಲ್ಲಿಗೆ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಈ ಪ್ರಶ್ನೆಗೆ ಅಮೆರಿಕದ ಹವ್ಯಾಸಿ ಪೈಲಟ್ಟುಗಳು ಕಂಡುಕೊಂಡಿರುವ ಹಳೆಯ ಉತ್ತರದ ಹೆಸರು ‘ನೂರು ಡಾಲರಿನ ಹ್ಯಾಂಬರ್ಗರ್’. ಶನಿವಾರ ಬೆಳಿಗ್ಗೆ ವಿಮಾನ ಏರುವುದು, ನೂರು ಮೈಲಿ ದೂರದ ಇನ್ನೊಂದು ಡಾಂಬರು ಪಟ್ಟಿಯಲ್ಲಿ ಇಳಿಯುವುದು, ಅಲ್ಲಿನ ಹೋಟೆಲಿನಲ್ಲಿ ಒಂದು ಬರ್ಗರ್ ತಿನ್ನುವುದು, ವಾಪಸು ಬರುವುದು. ನೂರು ಡಾಲರು ಹಳೆಯ ಲೆಕ್ಕ. ಈಗ ಅಷ್ಟಕ್ಕೆ ಬರ್ಗರ್‌ವರೆಗೆ ಹೋಗಬಹುದು, ಹಿಂತಿರುಗಲಾಗದು. ‘ನಾಯಿಗೆ ಕೆಲಸವಿಲ್ಲ, ಕೂರೋಕೆ ಪುರುಸೊತ್ತಿಲ್ಲ’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದಾಗ ಅವರ ಕಣ್ಣೆದುರು ಇದ್ದದ್ದು ನಾಯಿಯೇ ಇರಬಹುದು. ಆದರೆ ಗಾದೆ ಪೂರ್ತಿಯಾಗಿ ಒಪ್ಪುವುದು ಈ ಪೈಲಟ್ಟಿಗೆ.

ಕೆಲಸವಿಲ್ಲದ ಇವನಿಗೆ ಕೆಲಸ ಕೊಟ್ಟದ್ದೂ ನಾಯಿಯೇ.

2008ರಲ್ಲಿ ಸೌತ್ ಕ್ಯಾರೊಲಿನಾದ ಡೆಬಿ ಬೋಯ್ಸ್ ಎಂಬ ಮಹಿಳೆ ಫ್ಲಾರಿಡಾದಲ್ಲಿದ್ದ ಅನಾಥ ಡಾಬರ್‌ಮನ್ ಒಂದನ್ನು ಸಾಕಲು ಒಪ್ಪಿದರು. ನಾಯಿಯನ್ನು ತರುವುದು ಹೇಗೆಂದು ಪರಿಚಿತರನ್ನು ಕೇಳಿದಾಗ ಜಾನ್ ವೆರೆನ್‌ಬರ್ಗ್ ಎಂಬ ಪೈಲಟ್, ತಾನೇ ಹಾರಿಹೋಗಿ ತರುತ್ತೇನೆಂದರು. ಇಂಥ ನಾಯಿಗಳು ಇನ್ನೆಷ್ಟೋ ಇವೆ ಎಂದು ಅವರಿಗೆ ತಿಳಿಯಿತು. ಹೋಗಲು ಊರಿಲ್ಲದ ಪೈಲಟ್ಟುಗಳು ಇನ್ನೆಷ್ಟೋ ಇದ್ದಾರೆ ಎಂಬುದು ಅವರಿಗೆ ಮೊದಲೇ ಗೊತ್ತಿದ್ದಿರಬೇಕು. ಇಬ್ಬರೂ ಸೇರಿ ‘ಪೈಲಟ್ಸ್ ಎನ್ ಪಾಸ್’ ಎಂಬ ಸಂಸ್ಥೆ ಕಟ್ಟಿದರು. ನಾಯಿ ಇರುವವರನ್ನೂ ವಿಮಾನ ಇರುವವರನ್ನೂ ಪರಸ್ಪರ ಗಂಟು ಹಾಕುವುದು ಅದರ ಕೆಲಸ. ಜಾತಕ ನೋಡುವುದಿಲ್ಲ; ತೂಕ, ದಿನಾಂಕ, ಊರು ಕೂಡಿಬಂದರೆ ಸಾಕು.

ನಾಯಿಗೇಕೆ ವಿಮಾನ ಎಂದು ಕೇಳುವವರಿಗೆ ಅಮೆರಿಕದ ನಕ್ಷೆಯೇ ಉತ್ತರ. ದಕ್ಷಿಣದ ರಾಜ್ಯಗಳಲ್ಲಿ ಚಳಿ ಕಡಿಮೆ, ಸಂತಾನಹರಣ ಚಿಕಿತ್ಸೆಯೂ ಕಡಿಮೆ. ಹಾಗಾಗಿ ಮರಿಗಳು ಹೆಚ್ಚು. ಜಾರ್ಜಿಯಾ, ಅಲಬಾಮಾ ಕಡೆಯ ನಾಯಿ ಆಶ್ರಯಗಳು ಯಾವಾಗಲೂ ತುಂಬಿ ತುಳುಕುತ್ತಿರುತ್ತವೆ. ಈಶಾನ್ಯದ ರಾಜ್ಯಗಳಲ್ಲಿ ಹತ್ತಾರು ವರ್ಷ ಶ್ರದ್ಧೆಯಿಂದ ಚಿಕಿತ್ಸೆ ಮಾಡಿಸಿದ್ದರ ಫಲವಾಗಿ ಸಾಕಲು ಮರಿಯೇ ಸಿಗದೆ ಜನ ಕಾದು ಕೂತಿರುತ್ತಾರೆ. ಒಂದು ಕಡೆ ಕೊಡುವವರ ಗೋಳು, ಇನ್ನೊಂದು ಕಡೆ ಕೊಳ್ಳುವವರ ಗೋಳು, ನಡುವೆ ಸಾವಿರ ಮೈಲಿ ಹೆದ್ದಾರಿ. ಜಾಗವಿಲ್ಲದ ಆಶ್ರಯಗಳಲ್ಲಿ ಕೊನೆಗೆ ನಡೆಯುವುದು ಸಾವಿನ ಸೂಜಿಮದ್ದು. ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 9,20,000 ನಾಯಿಬೆಕ್ಕುಗಳು ಹೀಗೆ ಹೋಗುತ್ತಿದ್ದವು ಎಂಬುದು ಪ್ರಾಣಿದಯಾ ಸಂಘ ಎಎಸ್‌ಪಿಸಿಎ 2019ರಲ್ಲಿ ಕೊಟ್ಟ ಅಂದಾಜು.

ಈ ಸಂಖ್ಯೆ ಓದಿದ ರಾತ್ರಿ ನಮ್ಮ ಮಹಾಶಯನಿಗೆ ನಿದ್ದೆ ಬರುವುದಿಲ್ಲ. ಅರ್ಧ ಕರುಣೆಗೆ, ಅರ್ಧ ಖುಷಿಗೆ. ಬೆಳಿಗ್ಗೆ ಎದ್ದು ಹೆಂಡತಿಯ ಮುಂದೆ ಗಂಭೀರವಾಗಿ ಘೋಷಿಸುತ್ತಾನೆ: “ನಾನು ಇನ್ನು ಸುಮ್ಮಸುಮ್ಮನೆ ಹಾರುವುದಿಲ್ಲ.” ಆಕೆ, ವಿಮಾನ ಮಾರುತ್ತಾನೆ ಎಂದುಕೊಂಡು ಒಂದು ಕ್ಷಣ ಹಿಗ್ಗುತ್ತಾಳೆ.

ಆರಂಭದ ಉತ್ಸಾಹ ಅಂಗಡಿಯಲ್ಲಿ ವ್ಯಕ್ತವಾಗುತ್ತದೆ. ಸೀಟಿಗೆ ಹಾಸಲು ಟಾರ್ಪಾಲು, ಅದರ ಮೇಲೆ ಹಾಸಲು ಹೀರುವ ಹಾಳೆ, ಮೂರು ಅಳತೆಯ ಪಂಜರ, ಸೀಟಿನ ಬೆಲ್ಟಿಗೆ ಸಿಕ್ಕಿಸುವ ಪಟ್ಟಿ, ಕೈಗವಸು, ಒರೆಸುವ ಕಾಗದದ ಹತ್ತು ಸುರುಳಿ. ನಾಯಿಗಳಿಗೆಂದೇ ಮಾಡಿದ ‘ಮಟ್ ಮಫ್ಸ್’ ಎಂಬ ಕಿವಿಮುಚ್ಚುಗವೂ ಬರುತ್ತದೆ. ಪೈಲಟ್ಟಿನ ಹಸಿರು ಹೆಡ್‌ಸೆಟ್ಟನ್ನು ನಾಯಿಯ ತಲೆಗೇರಿಸಿ, ಪಕ್ಕದ ಸೀಟಿನಲ್ಲಿ ಕೂರಿಸಿ ತೆಗೆಯುವ ಫೋಟೊ ಈ ಪಂಗಡದ ದೀಕ್ಷಾವಿಧಿ. ಅದನ್ನು ತೆಗೆಯುವುದು ಇಂಜಿನ್ ಶುರುವಾಗುವ ಮೊದಲು, ನೆಲದ ಮೇಲೆ. ನೋಡಿದವರು ಮಾತ್ರ ನಾಯಿ ಐದು ಸಾವಿರ ಅಡಿ ಎತ್ತರದಲ್ಲಿ ಕಂಟ್ರೋಲ್ ಟವರಿನ ಜೊತೆ ಮಾತಾಡುತ್ತಿದೆ ಎಂದೇ ನಂಬುತ್ತಾರೆ. ಅವನೂ ತಿದ್ದುವುದಿಲ್ಲ.

ಆಮೇಲೆ ಬರುವುದು ತೂಕದ ಅಧ್ಯಾಯ. ಸೆಸ್ನಾ 172 ಇಂಧನ, ಪೈಲಟ್, ಸರಂಜಾಮು ಎಲ್ಲ ಸೇರಿ ಹೊರುವುದು ಸುಮಾರು 400 ಕಿಲೋ. ಟ್ಯಾಂಕು ಭರ್ತಿಯಾದರೆ ಅದರಲ್ಲಿ 145 ಹೋಯಿತು. ಬರ್ಗರ್ ಯುಗದ ಪೈಲಟ್ ನೂರು. ಉಳಿದದ್ದರಲ್ಲಿ ನಾಯಿ. ಆದ್ದರಿಂದ ಅವನು ಆಶ್ರಯದವರಿಗೆ ಪತ್ರ ಬರೆದು ನಾಯಿಯ ತೂಕ ಕೇಳುತ್ತಾನೆ. “ಮಧ್ಯಮ ಗಾತ್ರ, ಹದಿನೆಂಟು ಕಿಲೋ, ಲ್ಯಾಬ್ ಮಿಶ್ರತಳಿ, ತುಂಬಾ ಸೌಮ್ಯ” ಎಂದು ಉತ್ತರ ಬರುತ್ತದೆ. ಅಮೆರಿಕದ ಆಶ್ರಯಗಳಲ್ಲಿ ತಂದೆ ಯಾರೆಂದು ತಿಳಿಯದ ನಾಯಿಗಳೆಲ್ಲ ಲ್ಯಾಬ್ ಮಿಶ್ರತಳಿಯೇ. ನಿಲ್ದಾಣಕ್ಕೆ ಬಂದಿಳಿಯುವುದು ಮಾತ್ರ ಮೂವತ್ತೈದು ಕಿಲೋದ ಒಂದು ಭೂಪತಿ, ಜೊತೆಗೆ “ಇವೂ ಅದೇ ದಾರಿ” ಎಂದು ತಂದ ಎರಡು ಮರಿ.

ಈ ಸಮಸ್ಯೆ ಮಹಾಭಾರತದಷ್ಟು ಹಳೆಯದು. ಹಿಮಾಲಯದಲ್ಲಿ ಹೆಂಡತಿ, ತಮ್ಮಂದಿರೆಲ್ಲ ಬಿದ್ದು, ಧರ್ಮರಾಯ ನಾಯಿಯೊಂದಿಗೆ ನಿಂತಿದ್ದಾಗ ಇಂದ್ರ ರಥ ತಂದ; ನಾಯಿಗೆ ಜಾಗವಿಲ್ಲ ಎಂದ. ಧರ್ಮರಾಯ, ನಾಯಿ ಬಿಟ್ಟು ಬರಲಾರೆ ಎಂದ. ಅವನನ್ನು ಎಲ್ಲರೂ ಹೊಗಳುತ್ತಾರೆ. ಇಂದ್ರನ ಪರ ಯಾರೂ ನಿಲ್ಲುವುದಿಲ್ಲ. ಆದರೆ ಪೈಲಟ್ಟನ್ನು ಕೇಳಿ ನೋಡಿ. ರಥ ಇಂದ್ರನದು, ಎತ್ತರದ ಜಾಗ, ತೆಳು ಗಾಳಿ, ತೂಕ ಮೊದಲೇ ತಿಳಿಸಿಲ್ಲ, ಕೊನೇ ಗಳಿಗೆಯಲ್ಲಿ “ಇದೂ ನನ್ನ ಜೊತೆ” ಎಂದರೆ ಇಂದ್ರನಾದರೂ ಏನು ಮಾಡಬೇಕು?

ಕಾನೂನಿನ ಅಧ್ಯಾಯ ಇನ್ನೂ ಸ್ವಾರಸ್ಯ. ಖಾಸಗಿ ಪೈಲಟ್ ದುಡ್ಡು ತೆಗೆದುಕೊಂಡು ಹಾರಿಸುವಂತಿಲ್ಲ. ಪ್ರಯಾಣಿಕರೊಂದಿಗೆ ಪೆಟ್ರೋಲಿನ ಖರ್ಚನ್ನು ಸಮಪಾಲು ಹಂಚಿಕೊಳ್ಳಬಹುದು. ಆದರೆ ಕಾನೂನಿನ ಕಣ್ಣಲ್ಲಿ ನಾಯಿ ಪ್ರಯಾಣಿಕನಲ್ಲ, ಸರಕು. ಆದ್ದರಿಂದ ಪೂರ್ತಿ ಖರ್ಚು ಅವನದೇ. ವಿಮಾನದ ಪೆಟ್ರೋಲು ಗ್ಯಾಲನ್ನಿಗೆ 6 ಡಾಲರ್ ಆಸುಪಾಸು. ಸೆಸ್ನಾ ಗಂಟೆಗೆ ಎಂಟೊಂಬತ್ತು ಗ್ಯಾಲನ್ ಕುಡಿಯುತ್ತದೆ. ಹೋಗಿಬರುವ ಐದು ಗಂಟೆಗೆ ಇನ್ನೂರೈವತ್ತು ಡಾಲರ್ ಪೆಟ್ರೋಲಿಗೇ ಆಯಿತು. ಒಂದು ಸಮಾಧಾನವುಂಟು: ನೋಂದಾಯಿತ ಧರ್ಮಸಂಸ್ಥೆಯ ಪರವಾಗಿ ಹಾರಿದರೆ ಈ ಪೆಟ್ರೋಲನ್ನು ಆದಾಯ ತೆರಿಗೆಯಲ್ಲಿ ದಾನವೆಂದು ತೋರಿಸಬಹುದು. ಬರ್ಗರಿಗೆ ಆ ಸೌಲಭ್ಯವಿಲ್ಲ. ಸ್ವಾಮಿಕಾರ್ಯದಲ್ಲಿ ಸ್ವಕಾರ್ಯ ಆಗುವುದು ಇಲ್ಲಿ, ರಸೀದಿ ಸಮೇತ.

ಹಾರಾಟದ ದಿನ ಅವನನ್ನು ನೋಡಬೇಕು. ಮೈಮೇಲೆ ಎಂಟು ಜೇಬಿನ ಅಂಗಿ. ನಾಯಿಯ ಆರೋಗ್ಯ ಪತ್ರ ಎಲ್ಲಿ, ರೇಬಿಸ್ ಚುಚ್ಚುಮದ್ದಿನ ಚೀಟಿ ಎಲ್ಲಿ, ಬೆಳಿಗ್ಗೆ ಏನಾದರೂ ತಿನ್ನಿಸಿದಿರಾ, ಯಾಕೆ ತಿನ್ನಿಸಿದಿರಿ ಎಂದು ಮದುವೆಮನೆಯ ಉಗ್ರಾಣದ ಯಜಮಾನನ ಹಾಗೆ ಕೀಲಿಗೊಂಚಲು ಆಡಿಸುತ್ತ ಓಡಾಡುತ್ತಾನೆ. ಒಂದು ವಿಷಯದಲ್ಲಿ ಮಾತ್ರ ತಮಾಷೆಯಿಲ್ಲ. ನಾಯಿ ಹತ್ತುವಾಗ, ಇಳಿಯುವಾಗ ಇಂಜಿನ್ ನಿಂತಿರಬೇಕು, ಕುತ್ತಿಗೆಯ ಹಗ್ಗ ಒಬ್ಬರ ಕೈಯಲ್ಲಿ ಬಿಗಿಯಾಗಿರಬೇಕು. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ಹೊಸ ನಾಯಿ ಹೆದರಿದರೆ ಯಾವ ಕಡೆ ಓಡುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ಎಳೆಯ ಮರಿಗಳ ಕಾಲು ನೆಲಕ್ಕೆ ತಾಗಿಸುವಂತಿಲ್ಲ. ಪಾರ್ವೊ ಸೋಂಕಿನ ಭಯ.

ಹತ್ತಿದ ಮೇಲೆ ನಾಯಿಯ ವರ್ತನೆ ಪೈಲಟ್ಟಿಗೆ ಸ್ವಲ್ಪ ಅವಮಾನಕರ. ಆಕಾಶ, ಮೋಡ, ಕೆಳಗೆ ಸರಿಯುವ ಬ್ಲೂ ರಿಡ್ಜ್ ಬೆಟ್ಟಸಾಲು ಎಲ್ಲವನ್ನೂ ತೋರಿಸುವ ಹುಮ್ಮಸ್ಸಿನಲ್ಲಿ ಅವನಿದ್ದಾನೆ. ಇಂಜಿನ್ನಿನ ಗುಂಯ್‌ಗುಡುವಿಕೆ ಒಂದು ಹದಕ್ಕೆ ಬಂದು ಹತ್ತು ನಿಮಿಷವಾಗುವಷ್ಟರಲ್ಲಿ ನಾಯಿ ನಿದ್ದೆ ಹೋಗಿರುತ್ತದೆ. ಎದುರುಗಾಳಿ ಜೋರಾದ ದಿನ ಕೆಳಗಿನ ಹೆದ್ದಾರಿಯ ಕಾರುಗಳೂ ತನ್ನ ಜೊತೆಜೊತೆಗೇ ಓಡುವುದನ್ನು ಅವನೊಬ್ಬನೇ ನೋಡುತ್ತಾನೆ. ನಾಯಿಗೆ ಅದು ಕಾಣುವುದಿಲ್ಲ ಎಂಬುದೇ ಅವನಿಗೆ ದೊಡ್ಡ ಸಮಾಧಾನ. ಎಚ್ಚರವಾಗುವುದು ಇಳಿಯುವಾಗ, ಕಿವಿಗೆ ಒತ್ತಡವಾದಾಗ. ಅನುಭವಿಗಳು ನಿಧಾನವಾಗಿ ಇಳಿಸುತ್ತಾರೆ. ಹೊಸಬರು ಸರ್ರನೆ ಇಳಿಸಿ, ಹೀರುವ ಹಾಳೆ ಎಷ್ಟು ಹೀರಬಲ್ಲದು ಎಂದು ಕಲಿಯುತ್ತಾರೆ.

ನಾಯಿಯನ್ನು ಒಬ್ಬನೇ ಪೂರ್ತಿ ದೂರ ಒಯ್ಯುವುದು ಅಪರೂಪ. ಜಾರ್ಜಿಯಾದಿಂದ ನಾರ್ತ್ ಕ್ಯಾರೊಲಿನಾಕ್ಕೆ ಒಬ್ಬ, ಅಲ್ಲಿಂದ ವರ್ಜೀನಿಯಾಕ್ಕೆ ಇನ್ನೊಬ್ಬ, ಪೆನ್ಸಿಲ್ವೇನಿಯಾಕ್ಕೆ ಮತ್ತೊಬ್ಬ. ಹಸ್ತಾಂತರದ ನಿಲ್ದಾಣದಲ್ಲಿ ಇಬ್ಬರು ಪೈಲಟ್ಟುಗಳು ಸೇರಿದರೆ ಐದು ನಿಮಿಷ ನಾಯಿಯ ಮಾತು, ಮುಕ್ಕಾಲು ಗಂಟೆ ಇಂಜಿನ್ನಿನ ಮಾತು. ಆಮೇಲೆ, ಹೇಗೂ ಬಂದದ್ದಾಯಿತು ಎಂದು ನಿಲ್ದಾಣದವರು ಪುಕ್ಕಟೆ ಕೊಡುವ ಹಳೇ ಕಾರಿನಲ್ಲಿ ಊರೊಳಗೆ ಹೋಗಿ ಬರ್ಗರ್ ತಿನ್ನುತ್ತಾರೆ. ಧರ್ಮಕಾರ್ಯ ಹಿಡಿದವನು ಹಳೆಯ ವ್ರತ ಬಿಡಬೇಕೆಂದೇನೂ ಇಲ್ಲವಲ್ಲ.

ಈ ಗೀಳು ಅಲ್ಲಿರುವ ನಮ್ಮವರಿಗೂ ಅಂಟುತ್ತದೆ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತು, ವಾರಾಂತ್ಯ ವಿಮಾನ ಕಲಿಯುವ ಕನ್ನಡಿಗರಿದ್ದಾರೆ. ಅವರ ಕಷ್ಟ ಬೇರೆ ತರಹದ್ದು. ಊರಿನಿಂದ ಆರು ತಿಂಗಳಿಗೆಂದು ಬಂದ ಅಮ್ಮನಿಗೆ ವಿವರಿಸಬೇಕು. “ಬೀದಿ ನಾಯಿಗೆ ವಿಮಾನವೇನೋ? ನನಗೆ ಮಂಡಿ ನೋವೆಂದರೆ ಗಾಲಿಕುರ್ಚಿ ಬರುವುದಕ್ಕೆ ಅರ್ಧ ಗಂಟೆ ಆಯಿತು” ಎಂದು ಅಮ್ಮ ಕೇಳಿದರೆ, ತೆರಿಗೆ ವಿನಾಯಿತಿಯಿಂದ ಮಹಾಭಾರತದವರೆಗೆ ಯಾವ ಉತ್ತರವೂ ಸಾಲದು. ಆದರೆ ಅದೇ ಅಮ್ಮ ಮರುವಾರ ನಾಯಿಗೆ ದಾರಿಗಿರಲಿ ಎಂದು ಮೊಸರನ್ನದ ಡಬ್ಬಿ ಕಟ್ಟಿಕೊಡುತ್ತಾರೆ. ಹಾರುವ ಮುನ್ನ ತಿನ್ನಿಸಬಾರದು ಎಂಬ ನಿಯಮ ಅವರ ಮುಂದೆ ನಡೆಯುವುದಿಲ್ಲ.

ನಗುವುದನ್ನು ಒಂದು ಗಳಿಗೆ ನಿಲ್ಲಿಸಿ ಹೇಳಬೇಕಾದದ್ದೂ ಒಂದಿದೆ. 2024ರ ನವೆಂಬರಿನಲ್ಲಿ ಮೂರು ನಾಯಿಗಳನ್ನು ಮೇರಿಲ್ಯಾಂಡಿನಿಂದ ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ ಒಯ್ಯುತ್ತಿದ್ದ ಇಂಥದೇ ಸಣ್ಣ ವಿಮಾನವೊಂದು ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಬಿದ್ದು ಪೈಲಟ್ ತೀರಿಕೊಂಡರು. ಒಂದು ನಾಯಿಯೂ ಸತ್ತಿತು, ಎರಡು ಬದುಕಿದವು. ಈ ಕೆಲಸ ಶುರುಮಾಡುವವನಿಗೆ ಹಿರಿಯರು ಮೊದಲು ಕಲಿಸುವುದು ಹಾರುವುದನ್ನಲ್ಲ, ಫೋನ್ ಮಾಡಿ “ಇವತ್ತು ಹವಾಮಾನ ಸರಿಯಿಲ್ಲ, ಬರಲಾರೆ” ಎನ್ನುವುದನ್ನು. ಆ ತುದಿಯಲ್ಲಿ ನಾಯಿಗಾಗಿ ಮಗುವೊಂದು ಕಾಯುತ್ತಿದೆ ಎಂದು ಗೊತ್ತಿದ್ದೂ ಬರಲಾರೆ ಎನ್ನುವುದು ಕಷ್ಟ. ಬರ್ಗರ್ ತಿನ್ನಲು ಹೊರಟವನಿಗೆ ಈ ಕಷ್ಟ ಇರಲಿಲ್ಲ. ಶೋಕಿಗಾಗಿ ಹಾರುತ್ತಿದ್ದವನು ಹಾರದೆ ಕೂರುವುದನ್ನು ಕಲಿತ ದಿನ ಅವನ ಶೋಕಿ ಸೇವೆಯಾಯಿತು ಎನ್ನಬಹುದು.

ಲೆಕ್ಕ ಹಾಕುವವರು ಹೇಳುವುದೂ ಸುಳ್ಳಲ್ಲ: ಆ ಇನ್ನೂರೈವತ್ತು ಡಾಲರನ್ನು ದಕ್ಷಿಣದ ಯಾವುದಾದರೂ ಆಶ್ರಯಕ್ಕೆ ಕೊಟ್ಟಿದ್ದರೆ ಕೆಲವು ನಾಯಿಗಳಿಗೆ ಸಂತಾನಹರಣ ಚಿಕಿತ್ಸೆಯೇ ಆಗುತ್ತಿತ್ತು. ಆಗುತ್ತಿತ್ತು, ಕೊಟ್ಟಿದ್ದರೆ. ಆದರೆ ನಾಯಿ ಇಲ್ಲದಿದ್ದರೆ ಆ ದುಡ್ಡು ಹೋಗುತ್ತಿದ್ದದ್ದು ಆಶ್ರಯಕ್ಕಲ್ಲ, ಬರ್ಗರಿಗೆ. ಪುಣ್ಯದ ಹಿಂದೆ ಎಷ್ಟು ಪಾಲು ಶೋಕಿಯಿತ್ತೆಂದು ಸೋಸಿ ನೋಡುವ ಗೋಜಿಗೆ ಉತ್ತರದ ಯಾವುದೋ ಮನೆಯ ಸೋಫಾದ ಮೇಲೆ ಮಲಗಿರುವ ಆ ಲ್ಯಾಬ್ ಮಿಶ್ರತಳಿಯಂತೂ ಹೋಗುವುದಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲೂ ದುಬಾರಿ ಶೋಕಿಯವರೊಬ್ಬರು ಇದ್ದರೆ ಅದನ್ನು ಬಿಡಿಸಲು ಹೆಣಗಬೇಡಿ; ಅವರಿಗೊಂದು ನಾಯಿ ಹುಡುಕಿಕೊಡಿ.