ಲಿಫ್ಟಿನಲ್ಲಿ ಇಳಿಯುವ ಬೆಟ್ಟದ ಓಟಗಾರ

ಬೆಟ್ಟದ ಓಟಕ್ಕೆ ತಯಾರಿ ನಡೆಸುವವರು ಮೊದಲು ಮಾಡಬೇಕಾದದ್ದು ಬೆಟ್ಟವಿಲ್ಲದ ಊರಿನಲ್ಲಿ ಮನೆ ಹಿಡಿಯುವುದು. ಇಂಗ್ಲೆಂಡಿನಲ್ಲಿ ಇದಕ್ಕೆ ಕೇಂಬ್ರಿಜ್‌ಗಿಂತ ಪ್ರಶಸ್ತ ಜಾಗ ಸಿಗುವುದು ಕಷ್ಟ. ಅದರ ಉತ್ತರಕ್ಕೆ ಹರಡಿರುವ ಫೆನ್ಸ್ ಬಯಲಿನಲ್ಲಿ ಕೆಲವೆಡೆ ನೆಲ ಸಮುದ್ರಮಟ್ಟಕ್ಕಿಂತಲೂ ಕೆಳಗಿದೆ. ಅಂಥ ಕಡೆ ಕೂತು ನಮ್ಮ ಕೊಪ್ಪದ ಕಡೆಯ ಹುಡುಗನೊಬ್ಬ ಇಂಗ್ಲೆಂಡಿನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟಿನ ಗುಡ್ಡಗಳನ್ನು ಓಡಿ ಮುಗಿಸಲು ತಯಾರಾಗುತ್ತಿದ್ದಾನೆ. ಸಾಫ್ಟ್‌ವೇರ್ ಎಂಜಿನಿಯರ್ ಅಂತ ಬೇರೆ ಹೇಳಬೇಕಿಲ್ಲ. ಊರಲ್ಲಿದ್ದಾಗ ಕುಂದಾದ್ರಿಯನ್ನು ಅಪ್ಪನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತೇ ಹತ್ತಿದವನು.

ಅಲ್ಲಿನವರು ಈ ಗುಡ್ಡದ ಓಟಕ್ಕೆ ಫೆಲ್ ರನ್ನಿಂಗ್ ಅನ್ನುತ್ತಾರೆ. ಬೋಳು ಗುಡ್ಡ, ಜೌಗು ಹುಲ್ಲು, ಜಾರುವ ಕಲ್ಲು. ದಾರಿಗೆ ಬಾಣದ ಗುರುತು ಬಹುತೇಕ ಇರುವುದಿಲ್ಲ. ಇಂತಿಂಥ ಕಡೆ ಹಾಜರಿ ಹಾಕಿ ಅನ್ನುತ್ತಾರೆ, ನಡುವಿನ ದಾರಿ ನಿಮ್ಮ ಹಣೆಬರಹ. ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ 978 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಹತ್ತಿರಹತ್ತಿರ ಅರ್ಧ. ನಮ್ಮವರು ಇಲ್ಲಿಗೇ ನಗಲು ಶುರುಮಾಡುತ್ತಾರೆ. ಸ್ವಲ್ಪ ತಡೆಯಿರಿ. ದೂರದ ಓಟಗಳಲ್ಲಿ ಕಠಿಣ ದರ್ಜೆಯದು ಅನ್ನಿಸಿಕೊಳ್ಳಲು ಉದ್ದ ಕನಿಷ್ಠ 20 ಕಿಲೋಮೀಟರ್ ಇರಬೇಕು, ಪ್ರತಿ ಕಿಲೋಮೀಟರಿಗೆ ಸರಾಸರಿ 50 ಮೀಟರ್ ಏರಬೇಕು. ಒಂದು ಗುಡ್ಡ ಹತ್ತಿ ಇಳಿದರೆ ಮುಂದಿನದು ಕಾದಿರುತ್ತದೆ. ಜೂನ್ ತಿಂಗಳಲ್ಲೂ ಮಳೆಗಾಳಿ ಸೇರಿ ಮೈ ಮರಗಟ್ಟಿಸುತ್ತವೆ.

ಇದನ್ನೆಲ್ಲ ಹುಡುಗ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ವಿವರಿಸಿದ.

‘ಅಲ್ಲ ಮಾರಾಯ, ಅಷ್ಟು ಹತ್ತಿದ ಮೇಲೆ ತುದಿಯಲ್ಲಿ ದೇವಸ್ಥಾನ ಗೀವಸ್ಥಾನ ಏನಾದ್ರೂ ಉಂಟಾ?’

‘ಇಲ್ಲಮ್ಮ, ಕಲ್ಲುಗುಡ್ಡೆ ಇರುತ್ತೆ.’

‘ಮತ್ತೆ ಯಾಕೆ ಹತ್ತೂದು?’

ಉತ್ತರ ಕೊಡುವ ಮೊದಲೇ ಅವನ ವಾಚು ಕಿಣಿಗುಟ್ಟಿತು. ಕುರ್ಚಿಯಿಂದ ಏಳಬೇಕಂತೆ.

ಈ ವಾಚಿನ ವಿಷಯಕ್ಕೆ ಬರಬೇಕು. ರಾತ್ರಿ ನಿದ್ದೆ ಬಂತೋ ಇಲ್ಲವೋ ಅನ್ನುವುದನ್ನು ಹುಡುಗ ಈಗ ಬೆಳಿಗ್ಗೆ ಎದ್ದು ವಾಚು ನೋಡಿಯೇ ತಿಳಿಯುತ್ತಾನೆ. ‘ಚೆನ್ನಾಗಿ ಮಲಗಿದ್ದೆ’ ಅನ್ನಿಸಿದ ದಿನ ವಾಚು ‘ಇಲ್ಲ’ ಅಂದರೆ ಮಧ್ಯಾಹ್ನದ ಹೊತ್ತಿಗೆ ಸುಸ್ತು ತಾನಾಗಿ ಬರುತ್ತದೆ. ವಾರವೆಲ್ಲ ಬೆವರು ಸುರಿಸಿ ಓಡಿದ ಮೇಲೆ ಒಂದು ಭಾನುವಾರ ಅದು ‘ಅನ್‌ಪ್ರೊಡಕ್ಟಿವ್’ ಅಂತ ಷರಾ ಬರೆಯಿತು. ವರ್ಷಕ್ಕೊಮ್ಮೆ ಕೆಲಸದ ಮೌಲ್ಯಮಾಪನ ಮಾಡುವ ಮ್ಯಾನೇಜರಿಗೂ ಇಲ್ಲದ ಧೈರ್ಯ ಅದಕ್ಕೆ. ಮ್ಯಾನೇಜರ್ ಸಂಬಳವನ್ನಾದರೂ ಕೊಡುತ್ತಾನೆ. ಇದಕ್ಕೆ ತಾನೇ ಕೈಯಿಂದ ದುಡ್ಡು ಕೊಟ್ಟು ಬೈಸಿಕೊಳ್ಳಬೇಕು.

ಬೆಟ್ಟವಿಲ್ಲದ್ದಕ್ಕೆ ಪರ್ಯಾಯವಾಗಿ ಅವನು ಹುಡುಕಿಕೊಂಡದ್ದು ಪೇಟೆಯ ಬಹುಮಹಡಿ ಕಾರ್ ಪಾರ್ಕಿಂಗನ್ನು. ತಯಾರಿಯ ಲೆಕ್ಕ ಬರೆದಿಡುವ ಎಕ್ಸೆಲ್ ಶೀಟಿನಲ್ಲಿ ಗುರುವಾರದ ಕಾಲಂ ಅದಕ್ಕೇ ಮೀಸಲು. ಬೆನ್ನಿಗೆ ಚೀಲ, ಎದೆಗೆ ಹೃದಯಬಡಿತದ ಪಟ್ಟಿ, ಕೈಯಲ್ಲಿ ಅಂಟುಅಂಟಾದ ಸಕ್ಕರೆ ಪಾಕದ ಜೆಲ್. ಕೆಳಗಿನಿಂದ ಚಾವಣಿಯವರೆಗೆ ಮೆಟ್ಟಿಲ ಮೇಲೆ ದಡದಡ ಓಡುತ್ತಾನೆ. ಇಳಿಯುವುದು ಮಾತ್ರ ಲಿಫ್ಟಿನಲ್ಲಿ. ಮಂಡಿ ಉಳಿಸಿಕೊಳ್ಳಬೇಕಲ್ಲ! ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಒಂದೇ ಸಂಜೆ ಅವನನ್ನು ಲಿಫ್ಟಿನಲ್ಲಿ ಎರಡು ಸಲ ಕಂಡು, ‘ನಿನ್ನ ಕಾರು ಇನ್ನೂ ಸಿಗಲಿಲ್ಲವಾ ಕಂದ?’ ಅಂತ ಕೇಳಿದರಂತೆ.

ಪಾಪ, ಅಜ್ಜಿ ಸರಿಯಾಗಿಯೇ ಕೇಳಿದ್ದಾರೆ. ಕಳೆದುಹೋಗಿರುವುದು ಕಾರಲ್ಲ, ಇಳಿಜಾರು; ಅಷ್ಟೇ ವ್ಯತ್ಯಾಸ. ಗುಡ್ಡದ ಓಟದಲ್ಲಿ ಕಾಲು ಕೈಕೊಡುವುದು ಹತ್ತುವಾಗಿನದಕ್ಕಿಂತ ಹೆಚ್ಚಾಗಿ ಇಳಿಯುವಾಗ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಬ್ರೇಕು ಹಾಕಿಕೊಂಡೇ ಹಿಗ್ಗಬೇಕು, ಅದರ ಎಳೆಗಳಿಗೆ ಪೆಟ್ಟು ಬೀಳುವುದು ಆಗ. ಈ ಪೆಟ್ಟು ತಡೆಯುವ ಶಕ್ತಿ ಕಾಲಿಗೆ ಇಳಿದಿಳಿದೇ ಬರಬೇಕು. ನಮ್ಮ ಹುಡುಗ ಜಿಮ್ಮಿನ ಟ್ರೆಡ್‌ಮಿಲ್‌ನಲ್ಲಿ ಇಳಿಜಾರಿನ ಗುಂಡಿ ಹುಡುಕಿದ. ಸಿಕ್ಕಿದ್ದು ಏರಿನ ಗುಂಡಿ.

ಇನ್ನು ಚೀಲದೊಳಗೆ ಏನಿದೆ ನೋಡೋಣ. ಹೊಲಿಗೆಗೆ ಟೇಪು ಹಚ್ಚಿದ ಮಳೆ ಕೋಟು, ಮಳೆ ಪ್ಯಾಂಟು, ಟೋಪಿ, ಕೈಗವಸು, ನಕ್ಷೆ, ಕಂಪಾಸ್, ಸೀಟಿ, ತುರ್ತಿಗೆ ತಿನಿಸು. ದೂರದ ಓಟಗಳಲ್ಲಿ ಇವನ್ನು ತೋರಿಸದೆ ಹೊರಡಲು ಬಿಡುವುದಿಲ್ಲ. ಗುಡ್ಡದ ಮೇಲೆ ಕಾಲು ಮುರಿದು ಕೂತವನ ಜೀವ ಉಳಿಸುವ ಸಾಮಾನು ಇದು, ತಮಾಷೆಯಲ್ಲ. ತಮಾಷೆ ಇರುವುದು ಅಂಗಡಿಯಲ್ಲಿ. ಅಲ್ಲಿ ಕೋಟಿನ ಬಟ್ಟೆ ತೆಳುವಾದಷ್ಟೂ ಬೆಲೆ ದಪ್ಪವಾಗುತ್ತದೆ. ಹುಡುಗ ಒಂದೊಂದನ್ನೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ಶೀಟಿನಲ್ಲಿ ಬರೆದಿದ್ದಾನೆ. ಕಂಪಾಸಿನ ತೂಕ ಎಷ್ಟು ಗ್ರಾಂ ಅಂತ ನಿದ್ದೆಗಣ್ಣಿನಲ್ಲೂ ಹೇಳಬಲ್ಲ. ಅದರ ಕೆಂಪು ಮುಳ್ಳು ಯಾವ ದಿಕ್ಕು ತೋರಿಸುತ್ತದೆ ಅಂದರೆ ಮೊಬೈಲಿಗೆ ಕೈ ಹಾಕುತ್ತಾನೆ.

ಲೇಕ್ ಡಿಸ್ಟ್ರಿಕ್ಟಿನ ಇದೇ ಗುಡ್ಡಗಳಲ್ಲಿ 1932ರಲ್ಲಿ ಬಾಬ್ ಗ್ರಹಾಂ ಓಡಿದರು. ಕೆಸ್ವಿಕ್ ಊರಿನಲ್ಲಿ ವಸತಿಗೃಹ ನಡೆಸುತ್ತಿದ್ದವರು. 24 ಗಂಟೆಯೊಳಗೆ 42 ಶಿಖರ, ಸುಮಾರು 106 ಕಿಲೋಮೀಟರ್ ಸುತ್ತು; ಏರನ್ನೆಲ್ಲ ಕೂಡಿಸಿದರೆ 8,200 ಮೀಟರಿನ ಆಸುಪಾಸು, ಅಂದರೆ ಎವರೆಸ್ಟಿಗೆ ತುಸು ಕಡಿಮೆ. ಕಾಲಿಗೆ ಟೆನಿಸ್ ಶೂ, ಸೊಂಟಕ್ಕೆ ಚಡ್ಡಿ, ಮೈಗೆ ಮಲಗುವಾಗ ತೊಡುವ ಪೈಜಾಮದ ಅಂಗಿ. ದಾರಿಯಲ್ಲಿ ತಿಂದದ್ದು ಬೆಣ್ಣೆ ಹಚ್ಚಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಹಣ್ಣು, ಮಿಠಾಯಿ. ಮೊದಲೇ ಗುಡ್ಡಗಳನ್ನೆಲ್ಲ ನಡೆದು ನೋಡಿಕೊಂಡಿದ್ದರು, ಶೂ ಸವೆಯದಿರಲೆಂದು ಬರಿಗಾಲಲ್ಲಿ ನಡೆಯುತ್ತಿದ್ದರು ಅಂತ ಹೇಳುತ್ತಾರೆ. ಅವರ ಸಾಧನೆಯನ್ನು ಇನ್ನೊಬ್ಬರು ಸರಿಗಟ್ಟಿದ್ದು 1960ರಲ್ಲಿ.

ಜಾಸ್ ನೇಲರ್ ಅಂತ ಇನ್ನೊಬ್ಬರು, ವಾಸ್‌ಡೇಲ್ ಕಣಿವೆಯಲ್ಲಿ ಕುರಿ ಸಾಕುತ್ತಿದ್ದವರು. ಯೌವನದಲ್ಲೇ ಬೆನ್ನಿನ ಶಸ್ತ್ರಚಿಕಿತ್ಸೆ ಆಗಿತ್ತು. 1960ರಲ್ಲಿ ತಮ್ಮ ಕಣಿವೆಯಲ್ಲಿ ಓಟ ನಡೆಯುತ್ತಿದೆ ಅಂತ ಗೊತ್ತಾಗಿ, ಕೆಲಸದ ಬೂಟಿನಲ್ಲೇ, ಪ್ಯಾಂಟನ್ನು ಮಂಡಿಯ ಹತ್ತಿರ ಕತ್ತರಿಸಿಕೊಂಡು ಓಡಿದರು. 1975ರಲ್ಲಿ ಒಂದೇ ದಿನದಲ್ಲಿ 72 ಶಿಖರ. 1986ರಲ್ಲಿ, ಐವತ್ತು ವಯಸ್ಸಾದ ಮೇಲೆ, ಲೇಕ್ ಡಿಸ್ಟ್ರಿಕ್ಟಿನ 214 ಗುಡ್ಡಗಳನ್ನು ಏಳು ದಿನ ಒಂದು ಗಂಟೆ ಚಿಲ್ಲರೆ ಸಮಯದಲ್ಲಿ ಮುಗಿಸಿದರು. 2024ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಎಕ್ಸೆಲ್ ಶೀಟು ಯಾರಿಗೂ ಸಿಕ್ಕಿಲ್ಲ.

ಕುರಿ ಕಾದವರೆಲ್ಲ ನೇಲರ್ ಆಗುತ್ತಾರೆ ಅಂತ ನಾನು ಹೇಳುತ್ತಿಲ್ಲ. ಹಾಗಿದ್ದರೆ ಆ ಜಿಲ್ಲೆಯ ಹಟ್ಟಿಹಟ್ಟಿಯಲ್ಲೂ ದಾಖಲೆ ಇರುತ್ತಿತ್ತು. ತಯಾರಿಯೂ ಬೇಕು. ಬಾರೋಡೇಲ್‌ನ ಕಲ್ಲುಕೆಲಸದ ಬಿಲ್ಲಿ ಬ್ಲಾಂಡ್ ದಿನದ ಕೆಲಸ ಮುಗಿಸಿ ಕಠಿಣವಾಗಿಯೇ ತಯಾರಿ ನಡೆಸಿದವರು. 1982ರಲ್ಲಿ ಗ್ರಹಾಂ ಸುತ್ತನ್ನು 13 ಗಂಟೆ 53 ನಿಮಿಷದಲ್ಲಿ ಮುಗಿಸಿದರು. ಆ ದಾಖಲೆ ಮುರಿಯಲು 2018ರಲ್ಲಿ ವೃತ್ತಿಪರ ಬೆಟ್ಟದ ಓಟಗಾರ ಕಿಲಿಯನ್ ಜೊರ್ನೆಟ್ ಬರಬೇಕಾಯಿತು, 12 ಗಂಟೆ 52 ನಿಮಿಷ. ‘ನೋಡಿ, ಕೊನೆಗೂ ಆಧುನಿಕ ತಯಾರಿಯೇ ಗೆದ್ದಿತಲ್ಲ’ ಅಂತ ಕೊಪ್ಪದ ಹುಡುಗ ವಾದಿಸುತ್ತಾನೆ. ಹೌದಪ್ಪ, ಗೆದ್ದಿತು. ಆದರೆ ಆ ಕಿಲಿಯನ್ ಬೆಳೆದದ್ದು ಪಿರೆನೀಸ್ ಪರ್ವತದಲ್ಲಿ ಅಪ್ಪ ನೋಡಿಕೊಳ್ಳುತ್ತಿದ್ದ ಚಾರಣಿಗರ ತಂಗುಮನೆಯಲ್ಲಿ. ಅಲ್ಲಿಂದ ಹೊರಗೆ ಕಾಲಿಟ್ಟರೇ ಏರು. ವಾಚು ಬಂದದ್ದು ಆಮೇಲೆ.

ಈ ಓಟಗಳ ಪ್ರವೇಶ ಶುಲ್ಕ ದೊಡ್ಡದಲ್ಲ. ಹಳ್ಳಿಯ ಸಭಾಮಂದಿರದಲ್ಲಿ ಹೆಸರು ಕೊಟ್ಟು, ಓಡಿ ಬಂದು, ಅಲ್ಲೇ ಚಹಾ ಕುಡಿದು ಕೇಕು ತಿಂದು ಮನೆಗೆ ಹೋಗುವ ಆಟ. ಗೆದ್ದವರಿಗೂ ಕೈತುಂಬ ಏನೂ ಸಿಗುವುದಿಲ್ಲ. ಇಷ್ಟು ಬಡ ಓಟಕ್ಕೆ ಇಷ್ಟು ಶ್ರೀಮಂತ ತಯಾರಿಯನ್ನು ಕಂಡುಹಿಡಿದದ್ದು ನಮ್ಮ ಕಾಲದ ನಿಜವಾದ ದಾಖಲೆ. ಹುಡುಗನಿಗೆ ಈಗ ಓಟದ ದಿನ ಹತ್ತಿರ ಬರುವುದೇ ಕಿರಿಕಿರಿ; ಶೀಟಿನಲ್ಲಿ ಇನ್ನೂ ಹಸಿರು ಬಣ್ಣ ತುಂಬದ ಕಾಲಂಗಳಿವೆ.

ಇಂಥ ಮಗನೋ ಮಗಳೋ ನಿಮ್ಮ ಮನೆಯಿಂದಲೂ ಆ ದೇಶಕ್ಕೆ ಹೋಗಿದ್ದರೆ, ಈ ಸಲದ ಹುಟ್ಟುಹಬ್ಬಕ್ಕೆ ಇನ್ನೊಂದು ವಾಚು ಕೊಡಿಸಬೇಡಿ. ಲೇಕ್ ಡಿಸ್ಟ್ರಿಕ್ಟಿನ ವಿಂಡರ್ಮಿಯರ್‌ವರೆಗೂ ರೈಲಿದೆ, ಟಿಕೆಟ್ಟಿಗೆ ದುಡ್ಡು ಕಳಿಸಿ. ಮಂಜು ಕವಿದ ಗುಡ್ಡದಲ್ಲಿ ಕಂಪಾಸು ಹಿಡಿದು ಒಂದೆರಡು ದಿನ ಹತ್ತಲಿ, ಮುಖ್ಯವಾಗಿ ಇಳಿಯಲಿ. ಆಮೇಲೂ ಓಡುತ್ತೇನೆ ಅಂದರೆ ಅಡ್ಡ ಬರಬೇಡಿ.